ರೈಲು ಬಂತು ಸರಿ, ಬಸ್ಸೆಲ್ಲಿ ಸ್ವಾಮಿ?

ನಮ್ಮ ರೈಲು ಪ್ರೇಮಿಗಳ ಮೇಲೆ ನನಗೊಂದು ತಕರಾರಿದೆ. ಹಾರ್ನ್ ಕೇಳಿಯೇ ಯಾವ ಎಂಜಿನ್ ಅಂತ ಹೇಳುವವರು ಇವರು. ಯಾವ ಗಾಡಿಗೆ ಎಲ್ಲಿ ಎಂಜಿನ್ ಬದಲಾಗುತ್ತೆ, ಯಾವ ಬೋಗಿ ಯಾವ ಕಾರ್ಖಾನೆಯದು, ಎಲ್ಲ ಬಾಯಿಪಾಠ. ಹೊಸ ರೈಲು ಹೊರಡುವ ದಿನ ಕ್ಯಾಮೆರಾ ಹಿಡಿದು ಪ್ಲಾಟ್‌ಫಾರ್ಮಿನ ತುದಿಯಲ್ಲಿ ಹಾಜರ್. ಆದರೆ ಆ ರೈಲಿನಿಂದ ಇಳಿದ ಮನುಷ್ಯ ಮನೆಗೆ ಹೆಂಗೆ ಹೋದ ಅಂತ ಕೇಳಿ ನೋಡಿ, ಉತ್ತರ ಇಲ್ಲ. ಅವರ ಪ್ರಯಾಣ ಪ್ಲಾಟ್‌ಫಾರ್ಮಿಗೇ ಮುಗಿದುಹೋಗುತ್ತೆ. ಹಸಿರು ಬಾವುಟ ಬೀಸುವ ಮಂತ್ರಿಗಳದ್ದೂ ಅಲ್ಲಿಗೇ ಮುಗಿಯುತ್ತೆ. ನಾನೂ ಇದೇ ಬಳಗದವನು, ಹಾಗಾಗಿ ಇದನ್ನ ಮನೆಯೊಳಗಿನ ಜಗಳ ಅಂತಲೇ ತಿಳ್ಕೊಳ್ಳಿ.

ನನ್ನ ವಾದ ಇಷ್ಟೇ. ನಮ್ಮಲ್ಲಿ ಪ್ರಯಾಣ ಕೆಡುವುದು ರೈಲು ಮತ್ತು ಬಸ್ಸಿನ ನಡುವಿನ ಸಂದಿಯಲ್ಲಿ. ರೈಲಿಗೆ ಕೇಂದ್ರ ಸರ್ಕಾರ ಇದೆ, ಬಸ್ಸಿಗೆ ರಾಜ್ಯ ಸರ್ಕಾರ ಇದೆ, ವಿಮಾನಕ್ಕೆ ಕಂಪನಿಗಳಿವೆ. ಆ ಸಂದಿಗೆ ಮಾತ್ರ ಇಲಾಖೆಯೂ ಇಲ್ಲ, ಮಂತ್ರಿಯೂ ಇಲ್ಲ, ಅಭಿಮಾನಿ ಬಳಗವೂ ಇಲ್ಲ.

ಸುಮ್ಮನೆ ಹೇಳಿದ್ರೆ ನಂಬಲ್ಲ ಅಂದ್ರೆ ಒಂದು ಟ್ರಿಪ್ ಪ್ಲಾನ್ ಮಾಡೋಣ ಬನ್ನಿ. ನಾಲ್ಕು ದಿನ. ರೈಲು, ಬಸ್ಸು, ವಿಮಾನ ಮೂರೂ ಇರಲಿ. ಹೊರಡೋದು ಬೆಂಗಳೂರಿಂದ, ಹೋಗಬೇಕಾದ್ದು ಭೂಸನೂರಿಗೆ. ಕಲಬುರಗಿ ಜಿಲ್ಲೆ, ಆಳಂದ ತಾಲ್ಲೂಕು. ಕಬ್ಬು, ತೊಗರಿ ಬೆಳೆಯುವ ಸೀಮೆ. ಊರಲ್ಲೊಂದು ಸಕ್ಕರೆ ಕಾರ್ಖಾನೆಯೂ ಇದೆ. ಆದರೆ ರೈಲ್ವೆ ಸ್ಟೇಷನ್ ಇಲ್ಲ. ಇದೇನು ಮಹಾ, ಹಳ್ಳಿ ತಾನೇ ಅನ್ನಬೇಡಿ. ತಾಲ್ಲೂಕು ಕೇಂದ್ರ ಆಳಂದಕ್ಕೂ ಇಲ್ಲ, ಪಕ್ಕದ ಅಫಜಲಪುರಕ್ಕೂ ಇಲ್ಲ, ಜೇವರ್ಗಿಗೂ ಇಲ್ಲ. ಮುಂಬೈ–ಮದ್ರಾಸ್ ಮುಖ್ಯ ಮಾರ್ಗ ಇದೇ ಜಿಲ್ಲೆಯನ್ನ ಹಾದು 1871ರಲ್ಲೇ ರಾಯಚೂರು ಮುಟ್ಟಿತ್ತು. ನೂರೈವತ್ತು ವರ್ಷದ ಮೇಲಾಯ್ತು. ನಮ್ಮ ಆಫೀಸಿನಲ್ಲಿ ಪಕ್ಕದ ಡೆಸ್ಕಿನಲ್ಲಿ ಕೂರೋ ಎಷ್ಟೋ ಜನರ ಊರು ಇಂಥದ್ದೇ. ಹಬ್ಬ ಬಂದರೆ ಅವರು ಮೊದಲು ಲೆಕ್ಕ ಹಾಕೋದು ರೈಲಿನ ಸ್ಪೀಡನ್ನಲ್ಲ, ಇಳಿದಾಗ ಬಸ್ಸು ಇರುತ್ತೋ ಇಲ್ಲವೋ ಅನ್ನೋದನ್ನ.

ಮೊದಲ ದಿನ ವಂದೇ ಭಾರತ್. 2024ರ ಮಾರ್ಚ್ 12ರಂದು ಉದ್ಘಾಟನೆಯಾದ ಕಲಬುರಗಿ–ಬೆಂಗಳೂರು ಗಾಡಿ. ಹತ್ತಬೇಕಾದ್ದು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ. 2022ರಲ್ಲಿ ಶುರುವಾದ ಈ ಸ್ಟೇಷನ್ ನೋಡೋಕೆ ಏರ್‌ಪೋರ್ಟ್ ಥರಾನೇ ಇದೆ. ಮೆಟ್ರೋ ಅಲ್ಲೇ ಆಸುಪಾಸಿನಲ್ಲಿ ಓಡುತ್ತೆ, ಆದರೆ ಮೆಟ್ರೋ ಇಳಿದು ಪ್ಲಾಟ್‌ಫಾರ್ಮ್ ಸೇರೋಕೆ ಸೂಟ್‌ಕೇಸ್ ಎಳ್ಕೊಂಡು ನಡೀಬೇಕು, ಇಲ್ಲಾ ಆಟೋದವರ ಜೊತೆ ಚೌಕಾಸಿ ಮಾಡಬೇಕು. ಮೊದಲ ಸಂದಿ ರಾಜಧಾನಿಯಲ್ಲೇ ಬಿಟ್ಟುಕೊಂಡಿದೆ.

ಶುರುವಾದಾಗ ಕೊಟ್ಟ ವೇಳಾಪಟ್ಟಿ ನೋಡಿ. ಬೆಂಗಳೂರು ಬಿಡೋದು ಮಧ್ಯಾಹ್ನ 2:40ಕ್ಕೆ, ಕಲಬುರಗಿ ಮುಟ್ಟೋದು ರಾತ್ರಿ 11:30ಕ್ಕೆ. ವಾಪಸ್ ಹೊರಡೋದು ಬೆಳಗಿನ ಜಾವ 5:15ಕ್ಕೆ. ಕಲಬುರಗಿ ಸಿಟಿಯಲ್ಲಿ ಮನೆ ಇದ್ದು, ಕರ್ಕೊಂಡು ಹೋಗೋಕೆ ಕಾರು ಬರುವವರಿಗೆ ಸೊಗಸಾದ ಟೈಮು. ಆದರೆ ಆಳಂದ ಕಡೆಯವನೊಬ್ಬ ಇಳಿದ ಅಂತಿಟ್ಕೊಳ್ಳಿ. ರೈಲ್ವೆ ಸ್ಟೇಷನ್ ಒಂದು ಕಡೆ, ಕೇಂದ್ರ ಬಸ್ ನಿಲ್ದಾಣ ಇನ್ನೊಂದು ಕಡೆ. ಆಟೋ ಹಿಡಿದು ಓಡಿದರೆ ಸಿಗೋ ಉತ್ತರ ಎಲ್ಲರಿಗೂ ಗೊತ್ತಿರೋದೇ: “ಲಾಸ್ಟ್ ಗಾಡಿ ಹೋಗಿ ಎರಡ್ ತಾಸ್ ಆತ್ರಿ ಅಣ್ಣಾರ, ಇನ್ನ ಮುಂಜಾನಿಗೇ.” ಐನೂರು ಚಿಲ್ಲರೆ ಕಿಲೋಮೀಟರನ್ನ ಒಂಬತ್ತು ತಾಸಿನೊಳಗೆ ದಾಟಿಸಿದ ದೇಶಕ್ಕೆ ಆಳಂದದ ತನಕದ ನಲವತ್ತು ಚಿಲ್ಲರೆ ಕಿಲೋಮೀಟರ್ ದಾಟಿಸೋಕೆ ಬೆಳಗಾಗಬೇಕು. ವಾಪಸ್ ಬರುವಾಗ 5:15ರ ಗಾಡಿ ಹಿಡಿಯೋಕೆ ಹಿಂದಿನ ರಾತ್ರಿಯೇ ಬಂದು ಲಾಡ್ಜ್‌ನಲ್ಲಿ ಮಲಗಬೇಕು. ಟಿಕೆಟ್ ದುಡ್ಡಿನ ಜೊತೆ ಎರಡು ರಾತ್ರಿಯ ರೂಮ್ ಬಾಡಿಗೆಯನ್ನೂ ಕೂಡಿಸಿಕೊಳ್ಳಿ, ಆಗ ಗೊತ್ತಾಗುತ್ತೆ ಈ ವೇಗ ಯಾರಿಗೆ ಎಷ್ಟಕ್ಕೆ ಬಿತ್ತು ಅಂತ.

ಇದೇ ದಾರಿಯಲ್ಲಿ ಹಾಸನ–ಸೊಲ್ಲಾಪುರ ಎಕ್ಸ್‌ಪ್ರೆಸ್ ಇದೆ. ಸಂಜೆ ಬೆಂಗಳೂರಿನಲ್ಲಿ ಹತ್ತಿದರೆ ಬೆಳಿಗ್ಗೆ ಕಲಬುರಗಿ. ಯಾರೂ ಅದರ ಮುಂದೆ ನಿಂತು ಸೆಲ್ಫಿ ತಗೊಳ್ಳಲ್ಲ. ಆದರೆ ಇಳಿದಾಗ ಊರು ಎದ್ದಿರುತ್ತೆ, ಚಹಾ ಸಿಗುತ್ತೆ, ಬಸ್ಸೂ ಸಿಗುತ್ತೆ. ಸ್ಲೀಪರ್ ಇದೆ, ಜನರಲ್ ಬೋಗಿಯೂ ಇದೆ. ವಂದೇ ಭಾರತ್‌ನಲ್ಲಿ ಜನರಲ್ ಬೋಗಿಯೇ ಇಲ್ಲ. ಬೆಂಗಳೂರಿನಲ್ಲಿ ನೀವು ನಾವು ಕಂತು ಕಟ್ಟುತ್ತಿರೋ ಅಪಾರ್ಟ್‌ಮೆಂಟ್‌ಗಳಿಗೆ ಸಿಮೆಂಟ್ ಹೊತ್ತವರಲ್ಲಿ ಕಲಬುರಗಿ, ಯಾದಗಿರಿ ಕಡೆಯವರು ಎಷ್ಟು ಜನ ಅಂತ ಯಾವುದಾದರೂ ಸೈಟಿಗೆ ಹೋಗಿ ಕೇಳಿ. ಅವರು ಊರಿಗೆ ಹೋಗೋದು ಆ ಜನರಲ್ ಬೋಗಿಯ ಬಾಗಿಲಲ್ಲಿ ಕೂತು. ಭೂಸನೂರಿನ ಕಣ್ಣಲ್ಲಿ ನೋಡಿದರೆ ನಿಧಾನದ ಗಾಡಿಯೇ ಬೇಗ ಮನೆ ಮುಟ್ಟಿಸೋದು. ರೈಲಿನ ಬಗ್ಗೆ ಇಷ್ಟೊಂದು ಮಾತಾಡುವ ನಾವು ಈ ಸರಳ ಲೆಕ್ಕವನ್ನ ಯಾಕೆ ಬರೆಯಲ್ಲ?

ಎರಡನೇ ದಿನ ಬಸ್ಸು. ಆಳಂದ ರಸ್ತೆಯಲ್ಲಿ ಕಡಗಂಚಿ ಬರುತ್ತೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರೋದು ಇಲ್ಲೇ. ದೇಶದ ಬೇರೆ ಬೇರೆ ರಾಜ್ಯಗಳ ಹುಡುಗ ಹುಡುಗಿಯರು ಇಲ್ಲಿ ಓದ್ತಾರೆ. ಅವರೂ ಕಲಬುರಗಿಯಲ್ಲಿ ರೈಲು ಇಳಿದು ಪೆಟ್ಟಿಗೆ ಹೊತ್ಕೊಂಡು ಬಸ್ಸು ಹತ್ತಬೇಕು. ಮುಂದೆ ಆಳಂದ, ಅಲ್ಲಿ ಇಳಿದು ಭೂಸನೂರಿಗೆ ಇನ್ನೊಂದು ಬಸ್ಸು. ಕಬ್ಬು ನುರಿಸುವ ಹಂಗಾಮಿನಲ್ಲಿ ಹೋದರೆ ಟ್ರ್ಯಾಕ್ಟರುಗಳ ಹಿಂದೆ ತೆವಳಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಒಳ್ಳೆಯದೇ ಆಯ್ತು. ಆದರೆ ಬಸ್ಸಿಲ್ಲದ ಹೊತ್ತಿಗೆ ಆ ಉಚಿತ ಟಿಕೆಟ್ ಯಾವ ಕೆಲಸಕ್ಕೆ? ಟಿಕೆಟ್ಟಿನ ದರದ ಬಗ್ಗೆ ಟೀವಿಯಲ್ಲಿ ತಿಂಗಳುಗಟ್ಟಲೆ ಜಗಳ ಆಯ್ತು, ಟೈಮಿನ ಬಗ್ಗೆ ಒಂದು ಸಂಜೆಯೂ ಆಗಲಿಲ್ಲ.

ಮೂರನೇ ದಿನ ದೇವಲ ಗಾಣಗಾಪುರ, ದತ್ತಾತ್ರೇಯನ ಸನ್ನಿಧಿ. ಈ ಊರಿನ ಸ್ಟೇಷನ್ನಿನ ಹೆಸರು ಗಾಣಗಾಪುರ ರೋಡ್. ಗುಡಿಗೂ ಸ್ಟೇಷನ್ನಿಗೂ ನಡುವೆ ಸುಮಾರು ಇಪ್ಪತ್ತು ಕಿಲೋಮೀಟರ್. ಇದೇ ಮಾರ್ಗದಲ್ಲಿ ಸೊಲ್ಲಾಪುರದ ಕಡೆ ಹೋದರೆ ಸ್ವಾಮಿ ಸಮರ್ಥರ ಅಕ್ಕಲಕೋಟೆಗೆ ಅಕ್ಕಲಕೋಟ ರೋಡ್. ರಾಯಚೂರು ದಾಟಿ ಗುಂತಕಲ್ ಕಡೆ ಹೋದರೆ ರಾಯರ ಮಂತ್ರಾಲಯಕ್ಕೆ ಮಂತ್ರಾಲಯಂ ರೋಡ್. ಒಂದೇ ರೈಲು ದಾರಿಯಲ್ಲಿ ಮೂವರು ಗುರುಗಳು, ಮೂವರಿಗೂ ‘ರೋಡ್’. ಊರು ಇಲ್ಲಿಲ್ಲ, ಇಲ್ಲಿಂದ ರಸ್ತೆ ಹಿಡೀರಿ ಅಂತ ಸ್ಟೇಷನ್ನಿನ ಬೋರ್ಡೇ ಹೇಳುತ್ತೆ. ಹಳೇ ಕಾಲದ ರೈಲು ಕಂಪನಿಗಳ ಈ ಪ್ರಾಮಾಣಿಕತೆ ನನಗೆ ಇಷ್ಟ. ಈಗಿನ ಪ್ರಚಾರದಲ್ಲಿ ಅದೂ ಇಲ್ಲ. ಕಲಬುರಗಿಗೆ ವಂದೇ ಭಾರತ್ ಬಂತು, ಇಡೀ ಜಿಲ್ಲೆಗೆ ಬಂತು ಅಂತ ಡಂಗುರ. ಆಳಂದ, ಅಫಜಲಪುರ, ಜೇವರ್ಗಿಯ ಜನಕ್ಕೆ ಅದು ಇವತ್ತಿಗೂ ‘ಕಲಬುರಗಿ ರೋಡ್’ ಅಷ್ಟೇ.

ನಾಲ್ಕನೇ ದಿನ ವಿಮಾನ, ಆ ವಾರ ಹಾರಾಟ ಇದ್ದರೆ. ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಯಾಗಿದ್ದು 2019ರ ನವೆಂಬರ್ 22ರಂದು. ಇರೋದು ಸೇಡಂ ರಸ್ತೆಯ ಶ್ರೀನಿವಾಸ ಸರಡಗಿ ಹತ್ತಿರ. ಅಂದರೆ ಆಳಂದದವರು ಊರನ್ನ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಬೀಳಬೇಕು.

ಈ ವಿಮಾನದ ಕಥೆಯಲ್ಲೇ ನನ್ನ ವಾದದ ಗಟ್ಟಿ ಸಾಕ್ಷಿ ಇರೋದು. ಸಣ್ಣ ಊರುಗಳಿಗೆ ವಿಮಾನ ತರಲು ಕೇಂದ್ರ ಸರ್ಕಾರ ಉಡಾನ್ ಯೋಜನೆ ಮಾಡ್ತು. ವಿಮಾನದ ಒಂದಷ್ಟು ಸೀಟುಗಳನ್ನ ಕಡಿಮೆ ದರಕ್ಕೆ ಕೊಡಬೇಕು, ಅದರಿಂದ ಕಂಪನಿಗೆ ಬೀಳುವ ಕೊರತೆಯನ್ನ ಮೂರು ವರ್ಷ ಸರ್ಕಾರ ತುಂಬಿಕೊಡುತ್ತೆ. ಅದರಲ್ಲಿ ರಾಜ್ಯದ ಪಾಲು ನೂರಕ್ಕೆ ಇಪ್ಪತ್ತು. ಫಲಿತಾಂಶ ಏನಾಯ್ತು? 2023ರ ಸಿಎಜಿ ವರದಿ ನೋಡಿ. ಯೋಜನೆಯ ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ನೆರವಿನ ಅವಧಿ ಮುಗಿದ ಮೇಲೂ 2023ರ ಮಾರ್ಚ್ ಹೊತ್ತಿಗೆ ಓಡ್ತಾ ಇದ್ದದ್ದು ಬರೀ 54.

ವಿಮಾನ ಬೇಡ ಅಂತ ನಾನು ಹೇಳ್ತಿಲ್ಲ. ಕಲಬುರಗಿಗೆ ವಿಮಾನ ಬೇಕು. ನಾನು ಹಿಡಿದುಕೊಳ್ಳೋದು ಅದರ ಹಿಂದಿನ ತತ್ವವನ್ನ. ಲಾಭ ಬರದ ದಾರಿಯಲ್ಲೂ ಗಾಡಿ ಓಡಬೇಕು, ಕೊರತೆಯನ್ನ ಸರ್ಕಾರ ತುಂಬಬೇಕು ಅಂತ ಈ ದೇಶ ಒಪ್ಕೊಂಡಾಗಿದೆ. ಒಪ್ಕೊಂಡಿದ್ದು ವಿಮಾನಕ್ಕೆ! ಅದೇ ತತ್ವವನ್ನ ರಾತ್ರಿ ಹನ್ನೆರಡಕ್ಕೆ ಕಲಬುರಗಿ ಸ್ಟೇಷನ್ನಿನ ಮುಂದಿನಿಂದ ಆಳಂದಕ್ಕೆ ಹೊರಡುವ ಒಂದು ಬಸ್ಸಿಗೆ ಅನ್ವಯಿಸಿ ಅಂದರೆ ಮಾತ್ರ ಲಾಸ್ ಆಗುತ್ತೆ, ಡೀಸೆಲ್ ರೇಟ್ ನೋಡಿದ್ರಾ ಅಂತ ಶುರು ಮಾಡ್ತಾರೆ. ವಿಮಾನದ ಲಾಸ್ ಅಭಿವೃದ್ಧಿ, ಬಸ್ಸಿನ ಲಾಸ್ ದಂಡ. ಇದ್ಯಾವ ನ್ಯಾಯ ಸ್ವಾಮಿ?

ದುಡ್ಡಿಲ್ಲ ಅನ್ನೋ ಮಾತೂ ನಿಲ್ಲಲ್ಲ. ಈ ಭಾಗಕ್ಕೆ ಸಂವಿಧಾನದ 371(ಜೆ) ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. 2023–24ರ ರಾಜ್ಯ ಬಜೆಟ್ಟಿನಲ್ಲಿ ಮಂಡಳಿಗೆ ಘೋಷಿಸಿದ್ದು 5,000 ಕೋಟಿ ರೂಪಾಯಿ. ಅದರ ಮುಂದೆ ತಾಲ್ಲೂಕಿಗೊಂದು ರಾತ್ರಿ ಬಸ್ಸಿನ ಖರ್ಚು ಎಷ್ಟರದ್ದು?

ಯುರೋಪ್ ಟ್ರಿಪ್ ಮಾಡಿ ಬಂದವರು ಸ್ವಿಟ್ಜರ್ಲೆಂಡಿನ ರೈಲು ಹೊಗಳ್ತಾರೆ. ಅವರು 1982ರಲ್ಲಿ ಮಾಡಿದ ಮುಖ್ಯ ಕೆಲಸ ಹೊಸ ಎಂಜಿನ್ ತಂದದ್ದಲ್ಲ, ವೇಳಾಪಟ್ಟಿ ಹೊಸದಾಗಿ ಹೆಣೆದದ್ದು. ಎಲ್ಲ ರೈಲೂ ಗಂಟೆ ಗಂಟೆಗೂ ಅದೇ ನಿಮಿಷಕ್ಕೆ ಬರಬೇಕು. ಆಮೇಲೆ ದೊಡ್ಡ ಸ್ಟೇಷನ್ನುಗಳಲ್ಲಿ ರೈಲುಗಳು ಒಂದೇ ಹೊತ್ತಿಗೆ ಸೇರಿ, ಜನ ಬದಲಾಯಿಸಿದ ಮೇಲೆ ಹೊರಡಬೇಕು, ಹೊರಗಡೆ ಹಳದಿ ಬಸ್ಸು ಕಾದಿರಬೇಕು ಅಂತ ಹೆಣೆದರು. ಇದು ಶ್ರೀಮಂತ ದೇಶದ ಶೋಕಿ ಅಂತ ಅಂದ್ಕೋಬೇಡಿ. ನಮ್ಮಲ್ಲೇ ಇದಕ್ಕಿಂತ ಹಳೆಯ ಬುದ್ಧಿವಂತಿಕೆ ಇದೆ: ವಸ್ತಿ ಬಸ್ಸು. ಸಂಜೆ ಪೇಟೆಯಿಂದ ಹೊರಟು, ಕೆಲಸ ಮುಗಿಸಿದವರನ್ನ ಊರು ಮುಟ್ಟಿಸಿ, ಹಳ್ಳಿಯಲ್ಲೇ ರಾತ್ರಿ ಉಳಿದು, ಬೆಳಿಗ್ಗೆ ಕಾಲೇಜು ಹುಡುಗರನ್ನ, ಸಂತೆಗೆ ಹೋಗುವವರನ್ನ, ದವಾಖಾನಿಗೆ ಹೋಗುವವರನ್ನ ತುಂಬ್ಕೊಂಡು ವಾಪಸ್ ಬರುವ ಬಸ್ಸು. ಜನರ ದಿನಚರಿ ನೋಡಿ ಮಾಡಿದ ಟೈಮ್‌ಟೇಬಲ್ ಅಂದ್ರೆ ಇದು. ಅದಕ್ಕೆ ರೈಲಿನ ಟೈಮು ಗೊತ್ತಿಲ್ಲ, ಅಷ್ಟೇ ಕೊರತೆ. ಕೊನೆಯ ವಸ್ತಿ ಬಸ್ಸು ಬಸ್‌ಸ್ಟ್ಯಾಂಡಿನ ಬದಲು ರೈಲ್ವೆ ಸ್ಟೇಷನ್ನಿನಿಂದ, ಗಡಿಯಾರದ ಬದಲು ರೈಲು ನೋಡಿ ಹೊರಟರೆ ಸಾಕು. ಗಾಡಿ ಲೇಟಾದರೆ ಬಸ್ಸೂ ಕಾಯಬೇಕು. ಇದಕ್ಕೆ ಬೇಕಾಗಿರೋದು ಒಂದು ಫೋನ್ ನಂಬರ್, ಒಂದು ಆದೇಶ.

ರೈಲು ಹುಚ್ಚು ಒಂದು ಹವ್ಯಾಸ, ಅದಕ್ಕೆ ಇಷ್ಟೆಲ್ಲ ಭಾರ ಯಾಕೆ ಹೊರಿಸ್ತೀರಿ ಅಂತ ಗೆಳೆಯರು ಕೇಳ್ತಾರೆ. ಹವ್ಯಾಸ ಹೌದು. ಆದರೆ ವೇಳಾಪಟ್ಟಿಯನ್ನ ನಮ್ಮಷ್ಟು ಪ್ರೀತಿಯಿಂದ ಓದುವವರು ಇನ್ಯಾರಿದ್ದಾರೆ? ಮೆಟ್ರೋ ಇಳಿದ ಮೇಲೆ ಫೀಡರ್ ಬಸ್ಸಿಲ್ಲ ಅಂತ ಬೆಂಗಳೂರಿನಲ್ಲಿ ನಾವೇ ರೊಚ್ಚಿಗೇಳ್ತೀವಿ, ನಾವು ಕೂಗಿದ್ದಕ್ಕೆ ಒಂದಷ್ಟು ಬಸ್ಸೂ ಬಂದಿವೆ. ಅದೇ ಕೂಗು ಆಳಂದಕ್ಕೆ ಯಾಕಿಲ್ಲ? ನಮ್ಮ ಭಾಗದ ರೈಲು ಹೋರಾಟಗಾರರಿಗೂ ಇದೇ ಮಾತು. ಕಲಬುರಗಿಗೆ ರೈಲ್ವೆ ವಿಭಾಗ ಬೇಕು ಅಂತ ವರ್ಷಗಟ್ಟಲೆ ಕೇಳ್ತಿದ್ದೇವೆ. ಮಲ್ಲಿಕಾರ್ಜುನ ಖರ್ಗೆಯವರು ರೈಲ್ವೆ ಮಂತ್ರಿಯಾಗಿದ್ದಾಗ ಘೋಷಣೆಯೂ ಆಯ್ತು. ಬೇಡಿಕೆ ನ್ಯಾಯವಾದದ್ದೇ. ಆದರೆ ವಿಭಾಗದ ಕಚೇರಿ ಬಂದ ಮಾತ್ರಕ್ಕೆ ರಾತ್ರಿ ಹನ್ನೊಂದೂವರೆಗೆ ಬಸ್ಸು ಬರಲ್ಲ. ಬೀದರ್–ಕಲಬುರಗಿ ನಡುವಿನ 110 ಕಿಲೋಮೀಟರ್ ದಾರಿಗೆ ಎರಡು ದಶಕ ಕಾದೆವು, 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯ್ತು. ಹಳಿ ಹಾಕೋಕೆ ಕಾಯಲೇಬೇಕು, ಒಪ್ತೀನಿ. ಬಸ್ಸಿನ ಟೈಮ್ ಬದಲಾಯಿಸೋಕೂ ಕಾಯಬೇಕಾ?

ಹಾಗಾಗಿ ನನ್ನ ಬೇಡಿಕೆ ಮೂರೇ. ಒಂದು, ಕಲಬುರಗಿಗೆ ಬರುವ ರಾತ್ರಿಯ ಕೊನೆಯ ರೈಲಿಗೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಗೆ ಒಂದೊಂದು ಬಸ್ಸು, ಸ್ಟೇಷನ್ ಬಾಗಿಲಿನಿಂದಲೇ. ಬೆಳಗಿನ ಮೊದಲ ರೈಲು ಹಿಡಿಸೋಕೂ ಹಾಗೆಯೇ ಒಂದೊಂದು. ಎರಡು, ಸ್ಟೇಷನ್ನಿನ ಬೋರ್ಡಿನಲ್ಲಿ ರೈಲಿನ ಟೈಮಿನ ಪಕ್ಕ ಬಸ್ಸಿನ ಟೈಮು, ಕನ್ನಡದಲ್ಲಿ. ಮೂರು, ಹೊಸ ರೈಲು ಘೋಷಿಸುವ ಯಾವ ಸಂಸದರಾದರೂ ಅದೇ ಭಾಷಣದಲ್ಲಿ ಹೇಳಬೇಕು, ಇಳಿದವರು ಭೂಸನೂರಿಗೆ ಎಷ್ಟು ಗಂಟೆಗೆ ಮುಟ್ತಾರೆ ಅಂತ.

ರೈಲು ಪ್ರೇಮಿ ಗೆಳೆಯರಿಗೆ ಒಂದೇ ಕೋರಿಕೆ. ಮುಂದಿನ ಸಲ ಟ್ರಿಪ್ ಮಾಡಿದಾಗ ಎಂಜಿನ್ ನಂಬರ್ ಹಾಕಿ, ಬೇಡ ಅನ್ನಲ್ಲ. ಜೊತೆಗೆ ಎಲ್ಲಿ ಇಳಿದ್ರಿ, ಮುಂದಿನ ಬಸ್ಸಿಗೆ ಎಷ್ಟು ಹೊತ್ತು ಕಾದ್ರಿ, ನಿಮ್ಮ ಜೊತೆ ಇನ್ಯಾರು ಕಾಯ್ತಾ ಇದ್ರು, ಅದನ್ನೂ ಬರೀರಿ. ಸಾವಿರ ಜನ ಹಾಗೆ ಬರೆದರೆ ಸಂದಿಗೂ ಒಂದು ಇಲಾಖೆ ಹುಟ್ಟುತ್ತೆ.