ಗಾಡಿ ಎಷ್ಟು ಕೊಡುತ್ತೆ? ಮೊದಲು ನೀವೆಷ್ಟು ಓಡಿಸ್ತೀರಿ, ಅದನ್ನ ಹೇಳಿ

ಮನೆ ಮುಂದೆ ಹೊಸ ಕಾರು ಬಂದು ನಿಂತರೆ ನಮ್ಮ ಹಾವೇರಿ ಜಿಲ್ಲೆಯಲ್ಲಿ ಸನ್‌ರೂಫ್ ಇದೆಯಾ, ಸ್ಕ್ರೀನ್ ಎಷ್ಟು ಇಂಚು ಅಂತ ಯಾರೂ ಮೊದಲು ಕೇಳೋದಿಲ್ಲ. ‘ಎಷ್ಟ ಕೊಡ್ತೈತ್ರಿ?’ ಅನ್ನೋದೇ ಮೊದಲ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ ಬಿಡಿ. ಆದರೆ ಅದಕ್ಕೆ ಒಂದೇ ಉತ್ತರ ಇಲ್ಲ.

ಎಂಟು ತಿಂಗಳಿಂದ ನಮ್ಮ ಮನೆಯಲ್ಲಿ ಒಂದು ಮಿಡ್‌ಸೈಜ್ ಎಸ್‌ಯುವಿ ಇದೆ. 1.5 ಲೀಟರ್ ಪೆಟ್ರೋಲ್ ಎಂಜಿನ್, ಆಟೊಮ್ಯಾಟಿಕ್ ಗೇರು. ಕೆಲಸ ಬೆಂಗಳೂರಲ್ಲಿ, ಊರು ಹಿರೇಕೆರೂರು ತಾಲ್ಲೂಕು, ಬಳಗವೆಲ್ಲ ಹಾನಗಲ್, ಶಿಗ್ಗಾಂವಿ, ಸವಣೂರಿನಲ್ಲಿ. ಮದುವೆ, ಸೀಮಂತ, ಜಾತ್ರೆ ಅಂತ ಗಾಡಿ ನಾಲ್ಕೂ ತಾಲ್ಲೂಕು ಸುತ್ತಿದೆ. ಪ್ರತಿ ಸಲ ಟ್ಯಾಂಕ್ ಫುಲ್ ಮಾಡಿಸಿ ಬರೆದಿಟ್ಟ ಲೆಕ್ಕ ಇಲ್ಲಿದೆ.

ನಾಲ್ಕು ತಾಲ್ಲೂಕು, ನಾಲ್ಕು ಮೈಲೇಜು

ಶಿಗ್ಗಾಂವಿ ರಾಷ್ಟ್ರೀಯ ಹೆದ್ದಾರಿ 48ರ ಮೇಲೇ ಇದೆ. 80–90ರ ವೇಗದಲ್ಲಿ ಸಮಾಧಾನವಾಗಿ ಹೋದರೆ ನಮ್ಮ ಗಾಡಿ ಲೀಟರಿಗೆ 18 ಕೊಟ್ಟಿದೆ. ಅದೇ ರಸ್ತೆಯಲ್ಲಿ 110ಕ್ಕೆ ಒತ್ತಿದರೆ 14. ಕಾರಣ ಗಾಳಿ. ವೇಗ 80ರಿಂದ 110ಕ್ಕೆ ಏರಿದರೆ ಗಾಳಿಯ ತಡೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಎತ್ತರದ, ಅಗಲ ಮುಖದ ಎಸ್‌ಯುವಿಗೆ ಈ ಪೆಟ್ಟು ಸಣ್ಣ ಕಾರಿಗಿಂತ ಜೋರು.

ಹಿರೇಕೆರೂರಿನ ಕಡೆಯ ಎರಡು ಪಥದ ರಸ್ತೆಗಳಲ್ಲಿ 16–17 ಬಂದಿದೆ. ಅಂದರೆ ಹೆದ್ದಾರಿಯಲ್ಲಿ 110ಕ್ಕೆ ಓಡಿಸಿದ್ದಕ್ಕಿಂತ ಮೇಲು! ವೇಗ 60 ದಾಟೋದೇ ಅಪರೂಪ ಆಗಿದ್ದಕ್ಕೆ ಈ ಲಾಭ. ಆದರೆ ಪ್ರತಿ ಊರಿನ ಮುಂದೆ ಹಂಪು, ಸುಗ್ಗಿಯಲ್ಲಿ ರಸ್ತೆ ಮೇಲೆ ಒಣಹಾಕಿದ ಗೋವಿನಜೋಳ, ಮುಂದೆ ಲೋಡು ಹೊತ್ತ ಟ್ರ್ಯಾಕ್ಟರ್. ಬ್ರೇಕ್ ಒತ್ತಿದ ಪ್ರತಿ ಸಲವೂ ಸುಟ್ಟ ಪೆಟ್ರೋಲು ಬರೀ ಬಿಸಿಯಾಗಿ ಹೋಗುತ್ತದೆ.

ಹಾನಗಲ್ ಮಲೆನಾಡಿನ ಸೆರಗು. ಮಳೆಗಾಲದಲ್ಲಿ ಶಿರಸಿ ಕಡೆ ಹೊರಟರೆ ನೀರು ನಿಂತ ರಸ್ತೆ, ಗಾಜಿನ ಮಬ್ಬು ತೆಗೆಯೋಕೆ ಸದಾ ಎಸಿ. ಅಲ್ಲಿ 15. ಸವಣೂರಿನಲ್ಲಿ ಮದುವೆಗೆ ಅಂತ ಒಂದು ವಾರ ಉಳಿದಾಗ ಬರೀ 11. ಛತ್ರಕ್ಕೊಮ್ಮೆ, ವೀಳ್ಯದೆಲೆಗೊಮ್ಮೆ, ಖಾರ ಕಟ್ಟಿಸೋಕೊಮ್ಮೆ ಅಂತ ಎರಡೆರಡು ಕಿಲೋಮೀಟರಿನ ಓಡಾಟ. ಎಂಜಿನ್ ಬಿಸಿಯೇರೋದರೊಳಗೆ ಆಫ್. ತಣ್ಣಗಿನ ಎಂಜಿನ್ ಹೆಚ್ಚು ಕುಡಿಯುತ್ತೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲೂ ಹತ್ತು–ಹನ್ನೊಂದೇ.

ಗಾಡಿ ಒಂದೇ, ಓಡಿಸಿದವರೂ ಒಬ್ಬರೇ. ಆದರೂ 11ರಿಂದ 18ರವರೆಗೆ ಲೆಕ್ಕ ಬಂತು.

ಕಾಗದದ ಮೇಲಿನ 28

ಹಾಗಾದರೆ ಜಾಹೀರಾತಿನಲ್ಲಿ ಬರುವ ಅಂಕಿ? ಅದು ಸುಳ್ಳಲ್ಲ, ಆದರೆ ರಸ್ತೆಯದೂ ಅಲ್ಲ. ಪ್ರಮಾಣೀಕೃತ ಮೈಲೇಜನ್ನು ಅಳೆಯೋದು ಪುಣೆಯ ಎಆರ್‌ಎಐನಂಥ ಸಂಸ್ಥೆಗಳ ಪ್ರಯೋಗಾಲಯದಲ್ಲಿ, ಉರುಳೆಗಳ ಮೇಲೆ ಗಾಡಿ ಓಡಿಸಿ. ಸುಮಾರು 20 ನಿಮಿಷದ ಪರೀಕ್ಷೆ, ಗರಿಷ್ಠ ವೇಗ 90, ಎಸಿ ಬಂದ್. ಗಾಡಿಯಿಂದ ಗಾಡಿಗೆ ಹೋಲಿಸೋಕೆ ಒಳ್ಳೆಯ ಅಳತೆಗೋಲು. ನಿಮ್ಮ ತಿಂಗಳ ಪೆಟ್ರೋಲ್ ಬಿಲ್ಲಿಗೆ ಅಲ್ಲ.

ನಮ್ಮದೇ ರಾಜ್ಯದ ಉದಾಹರಣೆ ತಗೊಳ್ಳಿ. 2022ರಲ್ಲಿ ಬಂದ ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಹೆಚ್ಚುಕಡಿಮೆ ಅವಳಿ ಗಾಡಿಗಳು. ಎರಡೂ ತಯಾರಾಗಿ ಬಂದಿದ್ದು ಬಿಡದಿಯ ಟೊಯೊಟಾ ಕಾರ್ಖಾನೆಯಿಂದ. ಇವುಗಳ ಸ್ಟ್ರಾಂಗ್ ಹೈಬ್ರಿಡ್ ಮಾದರಿಗೆ ಕಂಪನಿ ಹೇಳಿದ ಮೈಲೇಜು 27.97. ಸಾದಾ ಪೆಟ್ರೋಲ್ ಮ್ಯಾನ್ಯುವಲ್‌ಗೆ ಸುಮಾರು 21.1. ಹೈಬ್ರಿಡ್‌ನ ಜಾಣತನ ಇರೋದು ಬ್ರೇಕಿನಲ್ಲಿ: ಗಾಡಿ ನಿಧಾನವಾಗುವಾಗ ಮೋಟರ್ ಒಂದಷ್ಟು ಶಕ್ತಿಯನ್ನು ಬ್ಯಾಟರಿಗೆ ವಾಪಸ್ ತುಂಬುತ್ತದೆ, ತೆವಳುವ ಟ್ರಾಫಿಕ್ಕಿನಲ್ಲಿ ಎಂಜಿನ್ ಬಂದ್ ಮಾಡಿ ಅದರಿಂದಲೇ ಓಡಿಸುತ್ತದೆ. ಹಾಗಾಗಿ ಅದರ ನಿಜವಾದ ಲಾಭ ಸಿಗೋದು ಪೇಟೆಯಲ್ಲಿ, ಹಂಪಿನ ರಸ್ತೆಯಲ್ಲಿ. ಒಂದೇ ವೇಗದಲ್ಲಿ ಓಡುವ ಹೆದ್ದಾರಿಯಲ್ಲಿ ಅಂತರ ಕಮ್ಮಿ.

ಈಗ ದುಡ್ಡಿನ ಮಾತು

ಹೈಬ್ರಿಡ್‌ಗೆ ಸಾದಾ ಪೆಟ್ರೋಲಿಗಿಂತ 3 ಲಕ್ಷ ಹೆಚ್ಚು ಕೊಡಬೇಕು ಅಂದುಕೊಳ್ಳಿ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಹಿಡಿಯೋಣ. ಎಲ್ಲ ರಸ್ತೆ ಸೇರಿಸಿ ಸಾದಾ ಗಾಡಿ 15, ಹೈಬ್ರಿಡ್ 21 ಕೊಡುತ್ತೆ ಅಂತಿಟ್ಟುಕೊಳ್ಳಿ.

ತಿಂಗಳಿಗೊಮ್ಮೆ ಬೆಂಗಳೂರಿನಿಂದ ಊರಿಗೆ ಹೋಗಿಬರೋಕೆ 700 ಕಿ.ಮೀ. ಆಸುಪಾಸು. ಪೇಟೆಯ ಓಡಾಟ ತಿಂಗಳಿಗೆ 300. ವರ್ಷಕ್ಕೆ 12,000 ಕಿ.ಮೀ. ಆಯ್ತು. ಸಾದಾ ಗಾಡಿಗೆ 82,400 ರೂಪಾಯಿ ಪೆಟ್ರೋಲ್ ಬೇಕು. ಹೈಬ್ರಿಡ್‌ಗೆ ಸುಮಾರು 58,900. ಉಳಿತಾಯ 23,500. ಮೂರು ಲಕ್ಷ ವಾಪಸ್ ಬರೋಕೆ ಸುಮಾರು ಹದಿಮೂರು ವರ್ಷ! ಆ ಮೂರು ಲಕ್ಷವನ್ನೂ ಶೇ 9ರ ಬಡ್ಡಿಗೆ ಐದು ವರ್ಷದ ಸಾಲ ಮಾಡಿದ್ದರೆ ಬಡ್ಡಿಯೇ ಸುಮಾರು 74 ಸಾವಿರ. ಮೂರು ವರ್ಷದ ಉಳಿತಾಯ ಅಲ್ಲಿಗೇ ಸರಿಹೋಯ್ತು.

ವರ್ಷಕ್ಕೆ 30,000 ಕಿ.ಮೀ. ಓಡಿಸುವವರ ಲೆಕ್ಕವೇ ಬೇರೆ. ಅವರಿಗೆ ವರ್ಷಕ್ಕೆ ಹತ್ತಿರ ಹತ್ತಿರ 59 ಸಾವಿರ ಉಳಿಯುತ್ತೆ. ಐದು ವರ್ಷದಲ್ಲಿ ಅಸಲು ಕೈಗೆ ಬಂದ ಹಾಗೆ. ದಿನಾ ಹಾನಗಲ್ಲಿನಿಂದ ಹುಬ್ಬಳ್ಳಿಗೆ ಹೋಗಿಬರುವ ವ್ಯಾಪಾರಸ್ಥರಿಗೆ ಹೈಬ್ರಿಡ್ ಒಪ್ಪುತ್ತೆ. ಹಬ್ಬಕ್ಕೆ ಊರಿಗೆ ಬರುವ ಸಾಫ್ಟ್‌ವೇರ್ ಹುಡುಗನಿಗೆ ಒಪ್ಪಲೇಬೇಕು ಅಂತಿಲ್ಲ. ಮಾರುವಾಗ ಹೈಬ್ರಿಡ್‌ಗೆ ನಾಲ್ಕು ಕಾಸು ಹೆಚ್ಚು ಸಿಗಬಹುದು, ನಿಶ್ಶಬ್ದದ ಸುಖವೂ ಇದೆ. ಅದಕ್ಕಾಗಿ ಕೊಳ್ಳೋದಾದರೆ ಖುಷಿಯಿಂದ ಕೊಳ್ಳಿ. ಆದರೆ ‘ಪೆಟ್ರೋಲ್ ಉಳಿಯುತ್ತೆ’ ಅಂತ ಮನೆಯವರನ್ನ ಒಪ್ಪಿಸೋ ಮುಂಚೆ ಈ ಗುಣಾಕಾರ ಮಾಡಿ. ಊರ ಮನೆಯ ಮೇಲ್ಛಾವಣಿ, ತಂಗಿಯ ಫೀಸು, ಹೊಲದ ಬೋರ್‌ವೆಲ್ಲು, ಎಲ್ಲವೂ ಅದೇ ಸಂಬಳದಿಂದ ಹೋಗಬೇಕಲ್ಲ?

ಶೋರೂಮಿನಲ್ಲಿ ಯಾರೂ ಹೇಳದ್ದು

ಡಿಕ್ಕಿ ನೋಡಿ. ಈ ಅವಳಿ ಗಾಡಿಗಳ ಹೈಬ್ರಿಡ್ ಮಾದರಿಯಲ್ಲಿ ಬ್ಯಾಟರಿ ಹಿಂದುಗಡೆ ಇರೋದರಿಂದ ಡಿಕ್ಕಿ ಚಿಕ್ಕದು. ಊರಿಂದ ಹೊರಡುವಾಗ ಅವ್ವ ಅಕ್ಕಿ ಚೀಲ, ಮಾವಿನ ಬುಟ್ಟಿ, ರೊಟ್ಟಿ ಡಬ್ಬಿ ಇಡೋದು ಎಲ್ಲಿ ಅಂತ ಮೊದಲೇ ಯೋಚಿಸಿ.

ಸರ್ವಿಸ್ ಸೆಂಟರ್ ಎಲ್ಲಿದೆ ಕೇಳಿ. ನಿಮ್ಮ ಕಂಪನಿಯದು ಹಾವೇರಿ, ರಾಣೆಬೆನ್ನೂರಿನಲ್ಲಿ ಇಲ್ಲದಿದ್ದರೆ ಹುಬ್ಬಳ್ಳಿಯೋ ದಾವಣಗೆರೆಯೋ ಗತಿ. ಒಂದು ದಿನದ ರಜೆಯೂ ಗಾಡಿಯ ಖರ್ಚೇ.

ಪೆಟ್ರೋಲೂ ಬದಲಾಗಿದೆ. ಶೇ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಮ್ಮಿ. ಇ20ಗೆಂದೇ ಹೊಂದಿಸಿದ ಹೊಸ ಎಂಜಿನ್‌ಗಳಲ್ಲಿ ನಷ್ಟ ಕಡಿಮೆ, ಹಳೆಯವುಗಳಲ್ಲಿ ಹೆಚ್ಚು. ಅಣ್ಣನ ಹಳೇ ಕಾರಿನ ಮೈಲೇಜು ಇಳಿದಿದ್ದರೆ ಇದೂ ಒಂದು ಕಾರಣ ಇರಬಹುದು. ಎಥನಾಲ್ ತಯಾರಾಗೋದು ಕಬ್ಬಿನಿಂದ, ಗೋವಿನಜೋಳದಿಂದ. ನಮ್ಮ ಹೊಲದ ಬೆಳೆಯೂ ನಮ್ಮ ಟ್ಯಾಂಕಿಗೆ ಬರುವ ಕಾಲ ಇದು.

ಹೆದ್ದಾರಿಯಲ್ಲಿ ಆಗಾಗ ಓಡಾಡುವವರು 2025ರ ಆಗಸ್ಟ್ 15ರಿಂದ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಲೆಕ್ಕ ಹಾಕಿ. ಖಾಸಗಿ ಕಾರಿಗೆ ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು; 2025ರಲ್ಲಿ ಶುರುವಾದಾಗ ಇದರ ಬೆಲೆ 3,000 ರೂಪಾಯಿ ಇತ್ತು. ತಿಂಗಳಿಗೊಮ್ಮೆ ಊರಿಗೆ ಬರುವವರಿಗೆ ಪೆಟ್ರೋಲಿಗಿಂತ ಬೇಗ ಇಲ್ಲೇ ಉಳಿತಾಯ ಕಾಣುತ್ತೆ.

ಕೊನೆಗೆ, ಅಳೆಯೋ ರೀತಿ. ಸ್ಕ್ರೀನ್ ತೋರಿಸೋ ಮೈಲೇಜು ಸಾಮಾನ್ಯವಾಗಿ ಸ್ವಲ್ಪ ಉದಾರಿ. ಒಂದೇ ಬಂಕಿನಲ್ಲಿ ಪಂಪು ತಾನೇ ನಿಲ್ಲುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಹಾಗೇ ತುಂಬಿಸಿ, ಓಡಿದ ಕಿಲೋಮೀಟರನ್ನ ಹಾಕಿಸಿದ ಲೀಟರಿನಿಂದ ಭಾಗಿಸಿ. ಮೂರು ಸಲದ ಸರಾಸರಿ ತೆಗೆಯಿರಿ. ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ತಣ್ಣಗಿದ್ದಾಗ ನೋಡಿಸಿ.

ಹೊಸ ಗಾಡಿ ಬುಕ್ ಮಾಡೋ ಯೋಚನೆ ಇದ್ದರೆ ಈ ವಾರವೇ ಈಗಿನ ಗಾಡಿಯ ಓಡೋಮೀಟರಿನ ಫೋಟೊ ತೆಗೆದಿಡಿ. ಗಾಡಿ ಇಲ್ಲದವರು ಕಳೆದ ಮೂರು ತಿಂಗಳ ಬಸ್ಸು, ರೈಲು, ಕ್ಯಾಬ್ ಓಡಾಟವನ್ನ ಕೂಡಿಸಿ. ವರ್ಷಕ್ಕೆ ಎಷ್ಟು ಕಿಲೋಮೀಟರ್ ಅನ್ನೋ ಒಂದು ಅಂಕಿ ಕೈಯಲ್ಲಿದ್ದರೆ, ಯಾವ ಎಂಜಿನ್ ಅನ್ನೋ ಪ್ರಶ್ನೆ ಅರ್ಧ ಬಗೆಹರಿದ ಹಾಗೆ.