ಬೆನ್ನಿಗೆ ಕಟ್ಟಿದ ಜೆಟ್ಟು ನಿತ್ಯದ ವಾಹನವಾದೀತೆ?

ನ್ಯೂಟನ್ನನ ಮೂರನೆಯ ನಿಯಮವನ್ನು ಪಾಠ ಹೇಳುವ ದಿನ ತರಗತಿಯಲ್ಲಿ ಯಾರಾದರೊಬ್ಬರು ಎದ್ದು ಈ ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ: "ಸಾರ್, ಹಾಗಾದರೆ ಬೆನ್ನಿಗೆ ಜೆಟ್ಟು ಕಟ್ಟಿಕೊಂಡು ಕಾಲೇಜಿಗೆ ಹಾರಿಬರುವುದು ಎಂದಿಗೆ ಸಾಧ್ಯವಾದೀತು?" ಪ್ರಶ್ನೆಯ ಹಿಂದೆ ಬೆಳಗಿನ ಬಸ್ಸಿನ ನೂಕುನುಗ್ಗಲಿನ ಸಂಕಟವೂ ಸ್ವಲ್ಪ ಇದೆಯೆಂದು ನನ್ನ ಗುಮಾನಿ. ಕೇಳಿದವರನ್ನು ನಕ್ಕು ಕುಳ್ಳಿರಿಸುವುದು ಸುಲಭ. ಆದರೆ ಹಾಗೆ ಹಾರಿದವರು ನಿಜವಾಗಿಯೂ ಇದ್ದಾರೆ, ಈಗಲೂ ಹಾರುತ್ತಿದ್ದಾರೆ. ಆದುದರಿಂದ ಇದಕ್ಕೆ ಲೆಕ್ಕದ ಉತ್ತರವನ್ನೇ ಕೊಡಬೇಕು. ನಿತ್ಯದ ಪ್ರಯಾಣಕ್ಕೆ ಈ ಸಾಧನವು ಇಂದು ಒದಗುವುದಿಲ್ಲ, ಮುಂದೆಯೂ ಒದಗಲಾರದು ಎಂಬುದು ನನ್ನ ಅಭಿಪ್ರಾಯ.

1961ರ ಏಪ್ರಿಲ್ 12ರಂದು ಯೂರಿ ಗಗಾರಿನನು 108 ನಿಮಿಷಗಳ ಯಾನದಲ್ಲಿ ಭೂಮಿಯನ್ನು ಸುತ್ತಿ ಬಂದನು. ಅದಾದ ಎಂಟನೆಯ ದಿನ, ಅಮೆರಿಕದ ನಯಾಗರ ಜಲಪಾತದ ಪ್ರದೇಶದಲ್ಲಿ, ಹೆರಾಲ್ಡ್ ಗ್ರಹಾಂ ಎಂಬಾತನು ಬೆನ್ನಿನ ಮೇಲೆ ಒಂದು ಯಂತ್ರವನ್ನು ಹೊತ್ತು ನೆಲವನ್ನು ಬಿಟ್ಟು ಮೇಲೆದ್ದು, 13 ಸೆಕೆಂಡುಗಳಲ್ಲಿ ಸುಮಾರು 34 ಮೀಟರ್ ದೂರ ಹಾರಿ ಇಳಿದನು. ಯಂತ್ರವನ್ನು ರಚಿಸಿದವನು ಬೆಲ್ ಕಂಪನಿಯ ಎಂಜಿನಿಯರ್ ವೆಂಡೆಲ್ ಮೂರ್. ಅದರೊಳಗೆ ಬೆಂಕಿಯೇ ಇರಲಿಲ್ಲವೆಂದರೆ ಆಶ್ಚರ್ಯವಾದೀತು. ಗಾಢವಾದ ಹೈಡ್ರೊಜನ್ ಪೆರಾಕ್ಸೈಡನ್ನು ನೈಟ್ರೊಜನ್ನಿನ ಒತ್ತಡದಿಂದ ಬೆಳ್ಳಿಯ ಜಾಲರಿಗಳ ಮೇಲೆ ಹಾಯಿಸಿದರೆ, ಅದು ಕ್ಷಣಮಾತ್ರದಲ್ಲಿ ಒಡೆದು, 700 ಡಿಗ್ರಿಗೂ ಮಿಕ್ಕಿದ ಶಾಖದ ನೀರಾವಿಯೂ ಆಮ್ಲಜನಕವೂ ಆಗುತ್ತದೆ. ಆ ಆವಿ ಎರಡು ನಳಿಗೆಗಳಿಂದ ಕೆಳಕ್ಕೆ ನುಗ್ಗುತ್ತದೆ, ಮನುಷ್ಯನು ಮೇಲಕ್ಕೇರುತ್ತಾನೆ. ಆದರೆ ಹಾರಾಟಕ್ಕೆ ಸಿಗುವ ಕಾಲ ಅತಿ ಹೆಚ್ಚೆಂದರೆ 21 ಸೆಕೆಂಡು. ಇಪ್ಪತ್ತಮೂರು ವರ್ಷಗಳ ಬಳಿಕ, 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನ ಉದ್ಘಾಟನೆಯ ದಿನ ಬಿಲ್ ಸೂಟರನು ಅದೇ ಬಗೆಯ ಯಂತ್ರದಿಂದ ಕ್ರೀಡಾಂಗಣಕ್ಕೆ ಹಾರಿ ಇಳಿದು ಜಗತ್ತನ್ನು ಬೆರಗುಗೊಳಿಸಿದಾಗಲೂ ಈ ಮಿತಿ ಹಾಗೆಯೇ ಇದ್ದಿತು.

ಏಕೆ ಇಪ್ಪತ್ತೇ ಸೆಕೆಂಡು? ಮನುಷ್ಯ, ಯಂತ್ರ, ಇಂಧನ ಎಲ್ಲವೂ ಸೇರಿ 120 ಕಿಲೋಗ್ರಾಂ ಎನ್ನೋಣ. ಅದನ್ನು ಗಾಳಿಯಲ್ಲಿ ಎತ್ತಿ ಹಿಡಿಯಲು ಸುಮಾರು 1200 ನ್ಯೂಟನ್ ಬಲ ಬೇಕು. ಆವಿಯು ಹೊರಬೀಳುವ ವೇಗ ಸೆಕೆಂಡಿಗೆ ಸುಮಾರು 1200 ಮೀಟರ್. ಎಂದರೆ ಪ್ರತಿ ಸೆಕೆಂಡಿಗೆ ಒಂದು ಕಿಲೋಗ್ರಾಂ ದ್ರವವನ್ನು ಕೆಳಕ್ಕೆ ಎಸೆಯುತ್ತಲೇ ಇರಬೇಕು. ಬೆನ್ನಿನ ತೊಟ್ಟಿಗಳು ಹಿಡಿಸುವುದು ಸುಮಾರು ಇಪ್ಪತ್ತು ಕಿಲೋಗ್ರಾಂ. ಉಳಿದ ಭಾಗಾಕಾರವನ್ನು ವಾಚಕರೇ ಮಾಡಿಕೊಳ್ಳಬಹುದು. ತೊಟ್ಟಿಯನ್ನು ಹಿಗ್ಗಿಸಿದರೆ ಎತ್ತಬೇಕಾದ ಭಾರವೂ ಹಿಗ್ಗುತ್ತದೆ. ಹಾರುವ ಮೊದಲು ಅದನ್ನು ಹೊತ್ತು ನಿಲ್ಲಬೇಕಾದವು ಮನುಷ್ಯನ ಮೊಣಕಾಲುಗಳು ತಾನೆ?

"ಅದು ಹಳೆಯ ಕಾಲದ ಮಾತು, ಈಗ ಪುಟ್ಟ ಜೆಟ್ ಎಂಜಿನ್ನುಗಳು ಬಂದಿವೆ" ಎಂದು ತಿಳಿದವರು ಆಕ್ಷೇಪಿಸುವರು. ನಿಜ. ಜೆಟ್ ಎಂಜಿನ್ನು ಹೊರಗಿನ ಗಾಳಿಯನ್ನೇ ಸೆಳೆದುಕೊಂಡು ಎಸೆಯುವುದರಿಂದ, ಎಸೆಯಬೇಕಾದ ರಾಶಿಯನ್ನೆಲ್ಲ ಹೊತ್ತೊಯ್ಯುವ ಕಷ್ಟವಿಲ್ಲ. ಇಂಗ್ಲೆಂಡಿನ ರಿಚರ್ಡ್ ಬ್ರೌನಿಂಗನು ತೋಳುಗಳಿಗೂ ಬೆನ್ನಿಗೂ ಇಂಥ ಎಂಜಿನ್ನುಗಳನ್ನು ಕಟ್ಟಿಕೊಂಡು 2017ರಿಂದ ಹಾರಿ ತೋರಿಸುತ್ತಿದ್ದಾನೆ. ಫ್ರಾನ್ಸಿನ ಫ್ರಾಂಕಿ ಜಪಾಟನು 2019ರ ಆಗಸ್ಟ್ 4ರಂದು, ಕಾಲಡಿಯ ಹಲಗೆಯಲ್ಲಿ ಎಂಜಿನ್ನುಗಳನ್ನು ಜೋಡಿಸಿದ ಯಂತ್ರದ ಮೇಲೆ ನಿಂತು, 22 ನಿಮಿಷಗಳಲ್ಲಿ ಇಂಗ್ಲಿಷ್ ಕಾಲುವೆಯನ್ನು ದಾಟಿದನು. ಇವು ಸಾಹಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೂವತ್ತೈದು ಕಿಲೋಮೀಟರಿನಷ್ಟು ದಾರಿಯಲ್ಲಿ ಜಪಾಟನು ನಡುಗಡಲಿನ ದೋಣಿಯ ಮೇಲೆ ಇಳಿದು ಇಂಧನದ ಚೀಲವನ್ನು ಬದಲಿಸಿಕೊಳ್ಳಬೇಕಾಯಿತು. ಹತ್ತು ದಿನ ಮೊದಲಿನ ಯತ್ನದಲ್ಲಿ ಹಾಗೆ ಇಳಿಯಲು ಹೋಗಿಯೇ ಸಮುದ್ರಕ್ಕೆ ಬಿದ್ದಿದ್ದನು.

ಮನುಷ್ಯನನ್ನು ಎತ್ತಿಹಿಡಿಯಲು ಇಂಥ ಎಂಜಿನ್ನುಗಳು ನಿಮಿಷಕ್ಕೆ ಸುಮಾರು ನಾಲ್ಕು ಲೀಟರ್ ಸೀಮೆಎಣ್ಣೆಯನ್ನು ಕುಡಿಯುತ್ತವೆ. ಮನೆಯಿಂದ ಕಾಲೇಜು ಐದು ಕಿಲೋಮೀಟರ್ ದೂರವಿದ್ದು, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹಾರಿದರೆ ಐದು ನಿಮಿಷ. ಎಣ್ಣೆ ಇಪ್ಪತ್ತು ಲೀಟರ್. ಲೀಟರಿಗೆ ಐವತ್ತು ಕಿಲೋಮೀಟರ್ ಓಡುವ ಸ್ಕೂಟರಿಗೆ ಅದೇ ದಾರಿಗೆ ಸಾಕಾಗುವುದು ಲೀಟರಿನ ಹತ್ತನೆಯ ಒಂದು ಭಾಗ. ಇನ್ನೂರು ಪಟ್ಟು ವ್ಯತ್ಯಾಸ!

ಇದು ಎಂಜಿನ್ನಿನ ಕುಶಲತೆಯ ಕೊರತೆಯಾಗಿದ್ದರೆ ಮುಂದಿನ ತಲೆಮಾರು ಸರಿಪಡಿಸೀತೆಂದು ನಾನೂ ಸುಮ್ಮನಿರುತ್ತಿದ್ದೆ. ಕೊರತೆ ಇರುವುದು ಬೇರೆಡೆ. ಮೇಜು ಪುಸ್ತಕವನ್ನು ಹೊರಲು ಏನನ್ನೂ ವ್ಯಯಿಸುವುದಿಲ್ಲ. ನೆಲವೂ ನಮ್ಮ ಭಾರವನ್ನು ಬಿಟ್ಟಿಯಾಗಿ ಹೊರುತ್ತದೆ. ಗಾಳಿ ಹಾಗೆ ಹೊರದು. ಗಾಳಿಯಲ್ಲಿ ಸುಮ್ಮನೆ ನಿಲ್ಲಬೇಕಾದರೂ ಗಾಳಿಯನ್ನು ಎಡೆಬಿಡದೆ ಕೆಳಕ್ಕೆ ತಳ್ಳಬೇಕು. ಸೆಕೆಂಡಿಗೆ ತಳ್ಳುವ ಗಾಳಿಯ ರಾಶಿಯನ್ನು ವೇಗದಿಂದ ಗುಣಿಸಿದರೆ ಸಿಗುವುದು ಬಲ. ಅದೇ ರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧಮಾಡಿದರೆ ಸಿಗುವುದು ಸೆಕೆಂಡಿಗೆ ತಗಲುವ ಶಕ್ತಿ. ಸ್ವಲ್ಪ ಗಾಳಿಯನ್ನು ಅತಿವೇಗವಾಗಿ ಎಸೆದರೂ ಆದೀತು, ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳಿದರೂ ಆದೀತು. ಬಲ ಒಂದೇ, ಬೆಲೆ ಮಾತ್ರ ಬೇರೆ. ಪುಟ್ಟ ನಳಿಗೆಗಳಿಂದ ಸೆಕೆಂಡಿಗೆ 2 ಕಿಲೋಗ್ರಾಂ ಗಾಳಿಯನ್ನು 600 ಮೀಟರ್ ವೇಗದಲ್ಲಿ ಎಸೆದರೆ 1200 ನ್ಯೂಟನ್ ದೊರೆಯುತ್ತದೆ. ಅದಕ್ಕೆ 360 ಕಿಲೋವಾಟ್ ಬೇಕು. ನಾಲ್ಕು ಮೀಟರ್ ವ್ಯಾಸದ ಫ್ಯಾನಿನಿಂದ ಸೆಕೆಂಡಿಗೆ 95 ಕಿಲೋಗ್ರಾಂ ಗಾಳಿಯನ್ನು ಹದಿಮೂರು ಮೀಟರಿಗೂ ಕಡಮೆಯ ವೇಗದಲ್ಲಿ ತಳ್ಳಿದರೆ ಅಷ್ಟೇ ಬಲ. ಆದರ್ಶ ಲೆಕ್ಕದಂತೆ ಏಳೂವರೆ ಕಿಲೋವಾಟ್ ಸಾಕು.

ಹಾಗಾದರೆ ಫ್ಯಾನನ್ನೇ ಕಟ್ಟಿಕೊಳ್ಳಬಾರದೆ? ನಾಲ್ಕು ಮೀಟರ್ ಅಗಲದ ಫ್ಯಾನನ್ನು ಹೊತ್ತವನು ಕಾಲೇಜಿನ ಬಾಗಿಲಿನೊಳಗೆ ಹೇಗೆ ನುಗ್ಗುವನೋ ತಿಳಿಯದು! ಅದಕ್ಕೆ ಹೆಲಿಕಾಪ್ಟರ್ ಎಂಬ ಹೆಸರು ಆಗಲೇ ಇದೆ. ನ್ಯೂಜಿಲೆಂಡಿನ ಮಾರ್ಟಿನ್ ಕಂಪನಿಯು ಎರಡು ಫ್ಯಾನುಗಳ ಯಂತ್ರವೊಂದನ್ನು 2008ರಲ್ಲಿ ಪ್ರದರ್ಶಿಸಿತು. ಅದನ್ನು ಬೆನ್ನಿಗೆ ಕಟ್ಟಿಕೊಳ್ಳುವ ಬದಲು, ನೆಲದ ಮೇಲೆ ನಿಂತ ಅದಕ್ಕೇ ಮನುಷ್ಯನನ್ನು ಕಟ್ಟಬೇಕಾಗಿತ್ತು, ಅಷ್ಟು ಭಾರ. 2019ರಲ್ಲಿ ಆ ಕಂಪನಿಯೇ ಮುಚ್ಚಿಹೋಯಿತು. ಹೀಗೆ, ಯಂತ್ರವು ಬೆನ್ನಿನಷ್ಟೇ ಚಿಕ್ಕದಾಗಿರಬೇಕೆಂಬ ನಮ್ಮ ಆಸೆಯೇ ಅದರ ಹಸಿವನ್ನು ಹೆಚ್ಚಿಸುತ್ತದೆ. ಎಂಜಿನ್ನನ್ನು ಎಷ್ಟು ನಯಗೊಳಿಸಿದರೂ 360 ಎಂಬ ಆ ಅಂಕಿ ಇಳಿಯದು, ಏಕೆಂದರೆ ಅದರಲ್ಲಿ ಎಂಜಿನ್ನಿನ ದೋಷವನ್ನು ನಾವು ಸೇರಿಸಿಯೇ ಇಲ್ಲ.

ಇನ್ನು ಬೀಳುವ ವಿಚಾರ. ಸೈಕಲ್ಲು ಕೆಟ್ಟರೆ ನಿಲ್ಲುತ್ತದೆ. ವಿಮಾನದ ಎಂಜಿನ್ನು ನಿಂತರೆ ಅದು ತೇಲುತ್ತ ಇಳಿದೀತು. ಹೆಲಿಕಾಪ್ಟರಿನ ರೆಕ್ಕೆಗಳು ಕೂಡ ಇಳಿಯುವಾಗ ಎದುರುಗಾಳಿಗೆ ತಾವೇ ತಿರುಗಿ ಇಳಿತವನ್ನು ತಡೆಯಬಲ್ಲವು. ಬೆನ್ನಿನ ಜೆಟ್ಟು ನಿಂತರೆ ಉಳಿಯುವುದು ಗುರುತ್ವವೊಂದೇ. ಹತ್ತು ಮಹಡಿಯ ಎತ್ತರದಿಂದ, ಅಂದರೆ 30 ಮೀಟರಿನಿಂದ, ನೆಲ ಮುಟ್ಟಲು ಎರಡೂವರೆ ಸೆಕೆಂಡು. ಮುಟ್ಟುವಾಗಿನ ವೇಗ ಗಂಟೆಗೆ 87 ಕಿಲೋಮೀಟರ್. ಪ್ಯಾರಾಚೂಟು ಬಿಚ್ಚಿ ಅರಳಲು ಅಷ್ಟು ಕಾಲ ಸಾಲದು. ವೆಂಡೆಲ್ ಮೂರನೇ 1961ರ ಫೆಬ್ರವರಿಯಲ್ಲಿ, ಹಗ್ಗ ಕಟ್ಟಿಕೊಂಡು ಪರೀಕ್ಷಿಸುತ್ತಿದ್ದಾಗ, ಬರಿಯ ಎರಡೂವರೆ ಮೀಟರ್ ಎತ್ತರದಿಂದ ಬಿದ್ದು ಮಂಡಿಚಿಪ್ಪನ್ನು ಮುರಿದುಕೊಂಡನು. ಗ್ರಹಾಂನಿಗೆ ಆ ಮೊದಲ ಹಾರಾಟದ ಅವಕಾಶ ಒದಗಿದ್ದು ಹಾಗೆ. ಇಂದಿನ ಹಾರಾಟಗಾರರು ನೀರಿನ ಮೇಲೋ ನೆಲಕ್ಕೆ ತೀರ ಸಮೀಪವಾಗಿಯೋ ಹಾರುವುದನ್ನು ಚಿತ್ರಗಳಲ್ಲಿ ನೋಡಿದವರಿಗೆ ಕಾರಣ ಹೊಳೆದಿರಬೇಕು. ಪೇಟೆಯ ಬೀದಿಯಲ್ಲಿ ನೀರಿಲ್ಲ, ಜನರಿದ್ದಾರೆ. ಅವರ ತಲೆಯ ಮೇಲೆ ನೂರಾರು ಮಂದಿ ಹೀಗೆ ಗರ್ಜಿಸುತ್ತ ಹಾರುವುದನ್ನು ಯಾವ ನಗರಸಭೆ ಒಪ್ಪೀತು?

ಹಾಗೆಂದು ಈ ಯಂತ್ರವನ್ನು ಮೂಲೆಗೆ ಎಸೆಯಬೇಕೆಂದು ನಾನು ಹೇಳುವವನಲ್ಲ. 2023ರಲ್ಲಿ ನಮ್ಮ ಭೂಸೇನೆಯೂ ಇಂಥ 48 ಉಡುಪುಗಳನ್ನು ಕೊಳ್ಳಲು ಪ್ರಸ್ತಾವಗಳನ್ನು ಕರೆಯಿತು. ಕೆಲವೇ ನಿಮಿಷಗಳು ಸಾಕಾಗುವ, ಎಣ್ಣೆಯ ಲೆಕ್ಕ ಮುಖ್ಯವಲ್ಲದ, ಬೇರೆ ದಾರಿಯೇ ಇಲ್ಲದ ಕೆಲಸಗಳು ಉಂಟು. 2020ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಬೆಟ್ಟಗಳಲ್ಲಿ ಒಂದು ವಾಯು ಆಂಬುಲೆನ್ಸ್ ಸಂಸ್ಥೆ ಇದನ್ನು ಪರೀಕ್ಷಿಸಿತು. ಗಾಯಗೊಂಡವರೊಬ್ಬರು ಬೆಟ್ಟದ ಮೇಲಿದ್ದಾರೆಂದು ಕಲ್ಪಿಸಿಕೊಂಡು ಬ್ರೌನಿಂಗನು ಕಣಿವೆಯಿಂದ ಹಾರಿದನು. ನಡೆದರೆ 25 ನಿಮಿಷ ಹಿಡಿಯುವ ಏರನ್ನು 90 ಸೆಕೆಂಡುಗಳಲ್ಲಿ ಮುಟ್ಟಿದನು. ರಕ್ತ ಸೋರುತ್ತಿರುವ ಮನುಷ್ಯನ ಬಳಿಗೆ ವೈದ್ಯನೊಬ್ಬನು ಹಾಗೆ ತಲಪುವುದಾದರೆ, ಉರಿದುಹೋದ ಆರು ಲೀಟರ್ ಸೀಮೆಎಣ್ಣೆಯ ಲೆಕ್ಕವನ್ನು ಯಾರು ತಾನೆ ಕೇಳಿಯಾರು? ಆ ರೋಗಿಯನ್ನು ಕೆಳಗಿಳಿಸಲು ಮಾತ್ರ ಸ್ಟ್ರೆಚರನ್ನು ಹೊತ್ತ ನಾಲ್ವರು ಬೆಟ್ಟವನ್ನು ನಡೆದೇ ಹತ್ತಿ ಬರಬೇಕು.