ಏಳನೆಯ ಕಾರ್ಟ್ರಿಜ್

ಅಂಚೆಚೀಟಿಗಳನ್ನು ಕೂಡಿಡುವವರನ್ನು ನೀವು ಬಲ್ಲಿರಿ. ಹಳೆಯ ನಾಣ್ಯ, ಬೆಂಕಿಪೊಟ್ಟಣದ ಮೇಲಿನ ಚಿತ್ರ, ಗ್ರಾಮಫೋನ್ ತಟ್ಟೆ ಇವುಗಳ ಬೆನ್ನು ಹತ್ತಿದವರೂ ನಿಮ್ಮ ಬಂಧುವರ್ಗದಲ್ಲಿ ಒಬ್ಬರಾದರೂ ಇದ್ದಾರು. ಆದರೆ ನಲವತ್ತು ವರ್ಷಗಳ ಹಿಂದಿನ ಮನೆಬಳಕೆಯ ಕಂಪ್ಯೂಟರುಗಳಿಗೆ ಸಿಕ್ಕಿಸುತ್ತಿದ್ದ ಆಟದ ಕಾರ್ಟ್ರಿಜ್‌ಗಳನ್ನು ಸಂಗ್ರಹಿಸುವವರನ್ನು ಕಂಡಿದ್ದೀರಾ? ಮೊನ್ನೆಮೊನ್ನೆಯವರೆಗೆ ನಾನೂ ಕಂಡಿರಲಿಲ್ಲ. ಈಗ ಕಂಡಿದ್ದೇನೆ, ಅದೂ ನಮ್ಮ ಮಹಾಲಕ್ಷ್ಮಿ ಲೇಔಟಿನಲ್ಲಿಯೇ, ನಮ್ಮ ಪಕ್ಕದ ಮನೆಯ ನಡುಮನೆಯಲ್ಲಿಯೇ.

ಕಾರ್ಟ್ರಿಜ್ ಎಂದರೇನೆಂದು ಕೇಳುವ ಹಿರಿಯರಿಗಾಗಿ ಎರಡು ಮಾತು. ಹಾಡಿನ ಕ್ಯಾಸೆಟ್ಟಿಗಿಂತ ತುಸು ದಪ್ಪನಾದ, ಪ್ಲಾಸ್ಟಿಕ್ಕಿನ ಒಂದು ಡಬ್ಬಿ. ಅದರೊಳಗೆ ಬೆರಳಗಲದ ಒಂದು ಚಿಪ್. ಆಟದ ವಿಧಿವಿಧಾನವೆಲ್ಲ ಆ ಚಿಪ್ಪಿನಲ್ಲಿ ಕಾರ್ಖಾನೆಯಲ್ಲಿಯೇ ಅಚ್ಚಾಗಿಹೋಗಿರುತ್ತದೆ. ಡಬ್ಬಿಯ ಒಂದು ಅಂಚಿನಲ್ಲಿ ಹಲ್ಲಿನ ಸಾಲಿನಂತೆ ಲೋಹದ ಪಟ್ಟಿಗಳು. ಕಂಪ್ಯೂಟರಿನ ಸೀಳಿಗೆ ಇದನ್ನು ಸಿಕ್ಕಿಸಿ ಸ್ವಿಚ್ಚು ಹಾಕಿದರೆ ಟೆಲಿವಿಷನ್ನಿನ ಪರದೆಯ ಮೇಲೆ ಆಟ ಮೂಡುತ್ತದೆ. ಟೇಪಿನಂತೆ ಸವೆಯುವುದಿಲ್ಲ, ಸಿಕ್ಕಾಗುವುದಿಲ್ಲ. ತೇವ ತಾಗದಂತೆ ಇಟ್ಟರೆ ಮೊಮ್ಮಕ್ಕಳ ಕಾಲದವರೆಗೂ ಬಾಳೀತು.

ಪಕ್ಕದ ಮನೆಯವರು ಉಡುಪಿಯ ಕಡೆಯವರು. ಯಜಮಾನರು ಕುವೈತಿನ ಒಂದು ವ್ಯಾಪಾರ ಸಂಸ್ಥೆಯಲ್ಲಿ ಲೆಕ್ಕಪತ್ರ ಬರೆಯುತ್ತಿದ್ದವರು. ಆರು ವರ್ಷಗಳ ಹಿಂದೆ ತೀರಿಕೊಂಡರು. ಈಗ ಮನೆಯಲ್ಲಿರುವವರು ಎಪ್ಪತ್ತು ದಾಟಿದ ಆ ತಾಯಿ, ನಲವತ್ತೈದರ ಮಗ, ಸೊಸೆ, ಒಬ್ಬಳು ಮೊಮ್ಮಗಳು. ಕಳೆದ ದೀಪಾವಳಿಗೆ ಅಟ್ಟ ಗುಡಿಸುವಾಗ ಒಂದು ತಗಡಿನ ಪೆಟ್ಟಿಗೆಯ ತಳದಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ಕಾರ್ಟ್ರಿಜ್ ಒಂದು ದೊರಕಿತು. ಅದರ ಮೇಲೆ ಅರಬ್ಬಿ ಅಕ್ಷರಗಳ ಮಾಸಿದ ಚೀಟಿ. ಮಗ ಅದನ್ನು ಕಚೇರಿಯಲ್ಲಿ ತಮಾಷೆಗೆಂದು ತೋರಿಸಿದನಂತೆ. ಅಲ್ಲಿಯ ಒಬ್ಬ ತರುಣ, ನಂದಿನಿ ಲೇಔಟಿನವನು, ಅದನ್ನು ಕಂಡವನೇ ಕುರ್ಚಿಯಿಂದ ಎದ್ದು ನಿಂತನಂತೆ. "ಸಾರ್, ಇದನ್ನು ನನಗೆ ಕೊಡಿ, ಹದಿನೈದು ಸಾವಿರ ಕೊಡುತ್ತೇನೆ" ಎಂದನಂತೆ.

ಈ ಸುದ್ದಿ ಕಾಂಪೌಂಡು ಗೋಡೆ ದಾಟಿ ನಮ್ಮ ಮನೆಗೆ ಬರಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ನನ್ನ ಮನೆಯಾಕೆ ಒಡನೆಯೇ ನಮ್ಮ ಅಟ್ಟದ ಕಡೆಗೆ ನೋಡಿದಳು. ಅಲ್ಲಿರುವುದು ನನ್ನ ಹಳೆಯ ಪತ್ರಿಕೆಗಳ ಕಟ್ಟು ಮಾತ್ರ ಎಂಬುದು ನೆನಪಾಗಿ ನಿಟ್ಟುಸಿರಿಟ್ಟಳು.

ಹದಿನೈದು ಸಾವಿರವೇಕೆ? ಅದಕ್ಕೊಂದು ಕಥೆಯಿದೆ. 1983ರ ಜೂನಿನಲ್ಲಿ ಜಪಾನಿನ ಅಸ್ಕಿ ಮತ್ತು ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಗಳು ಸೇರಿ ಎಂಎಸ್‌ಎಕ್ಸ್ ಎಂಬ ಒಂದು ಮಾದರಿಯನ್ನು ಘೋಷಿಸಿದುವು. ಯಾವ ಕಂಪನಿಯ ಯಂತ್ರವೇ ಆಗಲಿ, ಈ ಮಾದರಿಯದಾದರೆ ಒಂದರ ಕಾರ್ಟ್ರಿಜ್ ಇನ್ನೊಂದರಲ್ಲಿ ನಡೆಯಬೇಕು ಎಂಬುದು ಆಶಯ. ಜಪಾನಿನಲ್ಲಿ ಸೋನಿ, ಯಮಾಹಾ, ಸ್ಯಾನ್ಯೋ, ಹಾಲೆಂಡಿನಲ್ಲಿ ಫಿಲಿಪ್ಸ್, ಕೊರಿಯಾದಲ್ಲಿ ಡೇವೂ, ಬ್ರೆಜಿಲ್ಲಿನಲ್ಲಿ ಗ್ರಾಡಿಯೆಂಟೆ ಇವುಗಳನ್ನು ತಯಾರಿಸಿದುವು. ಸೋವಿಯತ್ ಒಕ್ಕೂಟದ ಶಾಲೆಗಳಿಗೂ ಯಮಾಹಾ ಯಂತ್ರಗಳು ಹೋದುವು. ಕುವೈತಿನಲ್ಲಿ ಮೊಹಮ್ಮದ್ ಅಲ್ ಶಾರೇಖ್ ಎಂಬ ಉದ್ಯಮಿ ತನ್ನ ಅಲ್ ಆಲಮಿಯಾ ಸಂಸ್ಥೆಯ ಮೂಲಕ ಇದೇ ಯಂತ್ರಕ್ಕೆ ಅರಬ್ಬಿಯನ್ನು ಕಲಿಸಿದ. ಕೀಲಿಮಣೆಯ ಮೇಲೆ ಅರಬ್ಬಿ ಅಕ್ಷರ, ಪರದೆಯ ಮೇಲೆ ಬಲದಿಂದ ಎಡಕ್ಕೆ ಓಡುವ ಬರಹ. ಯಂತ್ರಕ್ಕೆ ಸಖ್ರ್ ಎಂದು ಹೆಸರಿಟ್ಟ, ಬಂಡೆ ಎಂದರ್ಥವಂತೆ. ಏಕಶಿಲೆಯ ವೀರಾಂಜನೇಯನ ಬಡಾವಣೆಯಲ್ಲಿ ಕುಳಿತು ಇದನ್ನು ಕೇಳಿದಾಗ ನನಗೇನೋ ಆ ಹೆಸರು ಅಪರಿಚಿತವೆನ್ನಿಸಲಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದೇ ವರ್ಷಗಳಲ್ಲಿ ನಮ್ಮ ದೇಶದಲ್ಲಿಯೂ ಮಕ್ಕಳಿಗೆ ಕಂಪ್ಯೂಟರ್ ಕಲಿಸಲು ಸರ್ಕಾರ ಹೊರಟಿತ್ತು. 1984-85ರ ‘ಕ್ಲಾಸ್’ ಯೋಜನೆಯಲ್ಲಿ ಮೊದಲಿಗೆ 250 ಶಾಲೆಗಳಿಗೆ ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು ಕೊಟ್ಟರು. ಒಳ್ಳೆಯ ಯಂತ್ರವೇ. ಆದರೆ ಮಗುವಿಗೆ ‘ಅ ಆ ಇ ಈ’ ತಿದ್ದಿಸುವ ಕಾರ್ಟ್ರಿಜ್ ಒಂದನ್ನು ಕುವೈತಿನ ವ್ಯಾಪಾರಿ ತನ್ನ ಭಾಷೆಗೆ ಮಾಡಿಸಿಕೊಂಡಂತೆ ನಮ್ಮ ಯಾವ ಧನಿಕನೂ ಕನ್ನಡಕ್ಕೆ ಮಾಡಿಸಿಕೊಟ್ಟದ್ದನ್ನು ನಾನು ಕಾಣೆ. ಇರಲಿ.

ಆ ಮನೆಯ ಹುಡುಗನಿಗೆ ತಂದೆ ಸಖ್ರ್ ಯಂತ್ರವನ್ನು ಕೊಡಿಸಿದ್ದು ಎಂಟನೆಯ ಹುಟ್ಟುಹಬ್ಬಕ್ಕೆ. ಸಾಲ್ಮಿಯಾದ ಮೂರನೆಯ ಮಹಡಿಯ ಮನೆ. ಬೇಸಿಗೆ ರಜೆಯಲ್ಲಿ ಊರಿಗೆ ಬರುವುದು ವಾಡಿಕೆ. 1990ರಲ್ಲಿ ಮಾತ್ರ ಟಿಕೆಟ್ಟಿನ ಹಣ ಉಳಿಸೋಣವೆಂದು ಬರಲಿಲ್ಲ. ಆಗಸ್ಟ್ 2ರ ನಸುಕಿನಲ್ಲಿ ಇರಾಕಿನ ಸೇನೆ ನುಗ್ಗಿತು. ಮೂರು ವಾರ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಕುಳಿತರು. ಅನಂತರ ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಮರಳುಗಾಡು ದಾಟಿ ಜೋರ್ಡಾನಿನ ಅಮ್ಮಾನ್, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿ. ಆ ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಹೀಗೆ ತಾಯ್ನಾಡಿಗೆ ಬಂದಿಳಿದ ಭಾರತೀಯರು 1,70,000ದಷ್ಟು. ಬಹುಮಂದಿಗೆ ಕೈಯಲ್ಲಿ ಹಿಡಿಯಬಹುದಾದದ್ದೇ ಆಸ್ತಿ. ಹತ್ತು ವರ್ಷದ ಈ ಹುಡುಗ ತನ್ನ ಶಾಲೆಯ ಚೀಲದಲ್ಲಿ ಎರಡು ಅಂಗಿಗಳ ನಡುವೆ ಒಂದು ಕಾರ್ಟ್ರಿಜ್ ಇಟ್ಟುಕೊಂಡಿದ್ದ. ಕಂಪ್ಯೂಟರು ಅಲ್ಲಿಯೇ ಮೇಜಿನ ಮೇಲೆ ಉಳಿಯಿತು.

ಬೆಂಗಳೂರಿಗೆ ಬಂದ ಮೇಲೆ ಇಲ್ಲಿಯ ಹುಡುಗರ ಮನೆಗಳಲ್ಲಿ ಕ್ರಮೇಣ ಟಿ.ವಿ. ಗೇಮುಗಳು ಕಾಣಿಸಿಕೊಂಡುವು. ನಿಮ್ಮ ಮಕ್ಕಳೂ ಆಡಿರಬಹುದು. ಜಪಾನಿನ ನಿಂಟೆಂಡೋ ಯಂತ್ರವನ್ನು ನಕಲು ಮಾಡಿದ ಪೆಟ್ಟಿಗೆಗಳು. ಒಂದೇ ಕಾರ್ಟ್ರಿಜ್ಜಿನಲ್ಲಿ ಲಕ್ಷಗಟ್ಟಲೆ ಆಟಗಳಿವೆ ಎಂದು ಮೇಲೆ ಬರೆದಿರುತ್ತಿದ್ದರು. ಎಣಿಸಿದರೆ ನಾಲ್ಕೋ ಎಂಟೋ. ಹುಡುಗ ತನ್ನ ಕಾರ್ಟ್ರಿಜ್ಜನ್ನು ಗೆಳೆಯನ ಮನೆಗೆ ಒಯ್ದು ಸಿಕ್ಕಿಸಲು ಹೋದ. ಹಿಡಿಸಲಿಲ್ಲ. ಇವನದರಲ್ಲಿ ಐವತ್ತು ಲೋಹದ ಪಟ್ಟಿಗಳು, ಅದಕ್ಕೆ ಅರವತ್ತು ಬೇಕು. ಅರದಿಂದ ಅಂಚನ್ನು ಉಜ್ಜಿ ಸಣ್ಣದು ಮಾಡೋಣವೆಂದು ಹೊರಟವನ ಕೈಯಿಂದ ತಂದೆ ಅದನ್ನು ಕಿತ್ತುಕೊಂಡು ಪೆಟ್ಟಿಗೆಗೆ ಹಾಕಿದರು. ಅದು ಅಲ್ಲಿಯೇ ಮಲಗಿತು.

ನಂದಿನಿ ಲೇಔಟಿನ ತರುಣ ಒಂದು ಭಾನುವಾರ ಬೆಳಿಗ್ಗೆ ಬಂದ. ನನ್ನನ್ನೂ ಕರೆದರು. ಅವನ ಸಂಗ್ರಹದ ವೈಶಿಷ್ಟ್ಯವೆಂದರೆ ದೇಶದೇಶಗಳ ಆವೃತ್ತಿ. ಆಟ ಒಂದೇ ಆದರೂ ಬ್ರೆಜಿಲ್ಲಿನ ಡಬ್ಬಿ ಬೇರೆ, ಕೊರಿಯಾದ್ದು ಬೇರೆ, ಅರಬ್ಬಿ ಚೀಟಿಯದು ಇನ್ನೂ ಬೇರೆ. ಒಳಗಿನ ಚಿಪ್ ಎಲ್ಲ ಕಡೆ ಅದೇ. ಬೆಲೆಯೆಲ್ಲ ಮೇಲಿನ ಕಾಗದಕ್ಕೆ! ನಗಬೇಡಿ. ಅಂಚೆಚೀಟಿಯಲ್ಲಿ ಮುದ್ರಣದ ದೋಷಕ್ಕೆ ಹಣ ಸುರಿಯುವುದಿಲ್ಲವೆ?

ಅವನು ತಂದದ್ದು ಜಪಾನಿನಲ್ಲಿ ಮಾರಾಟವಾದ ಸೋನಿ ಹಿಟ್‌ಬಿಟ್ ಯಂತ್ರ. ಅದು 100 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರವಾಗಿ ಹಾಕಿದರೆ ಹೊಗೆ. ಆದ್ದರಿಂದ ಇಟ್ಟಿಗೆಯಷ್ಟು ಭಾರದ ಒಂದು ಟ್ರಾನ್ಸ್‌ಫಾರ್ಮರ್ ಜೊತೆಗಿತ್ತು. ಲೋಹದ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ. ಕಪ್ಪು ಕಿಲುಬು ಬಂತು. ಬಾಯಿಯಿಂದ ಊದಬಾರದಂತೆ, ಉಗುಳಿನ ತೇವ ಲೋಹವನ್ನು ತಿನ್ನುತ್ತದೆಯಂತೆ. ಸ್ವಿಚ್ಚು ಆರಿಸಿಯೇ ಸಿಕ್ಕಿಸಿದ. ಮೂವತ್ತೈದು ವರ್ಷಗಳ ಮೇಲೆ ಪರದೆ ಬೆಳಗಿತು. ಮಂಜಿನ ಹಾದಿಯಲ್ಲಿ ಒಂದು ಪೆಂಗ್ವಿನ್ ಬೆನ್ನು ತೋರಿಸಿಕೊಂಡು ಓಡತೊಡಗಿತು. ಕೊನಾಮಿ ಕಂಪನಿಯ ‘ಅಂಟಾರ್ಕ್ಟಿಕ್ ಅಡ್ವೆಂಚರ್’ ಎಂಬ ಆಟ. ಬಿರುಕುಗಳನ್ನು ಹಾರಿ, ಗಡುವಿನೊಳಗೆ ಒಂದೊಂದು ದೇಶದ ಠಾಣ್ಯವನ್ನು ಮುಟ್ಟಬೇಕು. ಮುಟ್ಟಿದರೆ ಆ ದೇಶದ ಧ್ವಜ ಏರುತ್ತದೆ. ಇಷ್ಟೆಲ್ಲ ಕೇವಲ 16 ಕಿಲೋಬೈಟುಗಳಲ್ಲಿ! ನಮ್ಮ ಮೊಬೈಲಿನ ಒಂದು ಶುಭೋದಯದ ಚಿತ್ರ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು.

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮಗ ಮಾತ್ರ ಸುಮ್ಮನಿದ್ದ. ಸ್ವಲ್ಪ ಹೊತ್ತಿನ ಮೇಲೆ, "ಇದಲ್ಲ" ಎಂದ. "ಪೆಂಗ್ವಿನ್ ಅದೇ. ಹಾಡೂ ಅದೇ. ಆದರೆ ಇದೇಕೆ ಹೀಗೆ ಧಾವಂತದಲ್ಲಿದೆ? ನಮ್ಮದು ಹೀಗಿರಲಿಲ್ಲ." ಅವನ ಮುಖ ಸಣ್ಣದಾಗಿತ್ತು. ತಾಯಿ ಒಳಗೆ ಒಗ್ಗರಣೆ ಹಾಕುತ್ತಿದ್ದವರು ಹೊರಗೆ ಇಣುಕಿಯೂ ನೋಡಲಿಲ್ಲ.

ಬಾಲ್ಯದ ನೆನಪು ಮೋಸ ಮಾಡುತ್ತದೆಂದು ನಾನು ಸಮಾಧಾನ ಹೇಳಲು ಬಾಯಿ ತೆರೆದೆ. ತರುಣ ತಡೆದ. "ಇಲ್ಲ ಅಂಕಲ್, ಅವರು ಹೇಳುವುದೇ ಸರಿ." ಜಪಾನಿನ ಟೆಲಿವಿಷನ್ ಪದ್ಧತಿಯಲ್ಲಿ ಪರದೆಯ ಚಿತ್ರ ಸೆಕೆಂಡಿಗೆ 60 ಬಾರಿ ಹೊಸದಾಗುತ್ತಿತ್ತು, ಕುವೈತಿನಲ್ಲಿ, ನಮ್ಮಲ್ಲಿಯಂತೆಯೇ, 50 ಬಾರಿ. ಈ ಆಟಗಳು ತಮ್ಮ ಹೆಜ್ಜೆಯನ್ನು ಪರದೆಯ ಆ ಮಿಡಿತಕ್ಕೆ ಹೊಂದಿಸಿಕೊಂಡಿದ್ದುವು. ಜಪಾನಿನಲ್ಲಿ ಒಂದು ನಿಮಿಷದಲ್ಲಿ ಮುಗಿಯುವ ಹಾಡು ಕುವೈತಿನ ಮನೆಯಲ್ಲಿ 72 ಸೆಕೆಂಡು ನಡೆಯುತ್ತಿತ್ತು. ಸ್ವರದ ಶ್ರುತಿ ಇಳಿಯದು. ಲಯ ಮಾತ್ರ ವಿಲಂಬ. ಸಂಗೀತ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಆ ಹಾಡಾದರೂ ಫ್ರಾನ್ಸಿನ ವಾಲ್ಡ್‌ಟಾಯ್‌ಫೆಲ್ 1882ರಲ್ಲಿ ರಚಿಸಿದ, ಹಿಮದ ಮೇಲೆ ಜಾರುವವರ ನೃತ್ಯದ ಹಾಡು. ಜಪಾನಿನ ಕಾರ್ಖಾನೆ, ಫ್ರಾನ್ಸಿನ ರಾಗ, ಕುವೈತಿನ ಲಯ. ಕೇಳುತ್ತ ಬೆಳೆದವನು ಉಡುಪಿಯ ಹುಡುಗ.

ಮುಂದಿನ ಭಾನುವಾರ ಅವನು ಗೆಳೆಯನೊಬ್ಬನಿಂದ ಯುರೋಪಿನಲ್ಲಿ ಮಾರಾಟವಾದ ಫಿಲಿಪ್ಸ್ ಯಂತ್ರವೊಂದನ್ನು ಎರವಲು ತಂದ. ಅದು 50ರ ಲೆಕ್ಕದ್ದು. ಸ್ವಿಚ್ಚು ಹಾಕಿ ಆಟ ತೊಡಗಿತು. ನನ್ನ ಕಿವಿಗೆ ಮೊದಲು ವ್ಯತ್ಯಾಸವೇ ತಿಳಿಯಲಿಲ್ಲ. ಆದರೆ ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು.

"ಒಂದೇ ದೇಶ ಮಗಾ, ಆಮೇಲೆ ಊಟಕ್ಕೆ ಏಳಬೇಕು" ಎಂದರು.

ಮಗ ಆಟದ ಕೋಲನ್ನು ಕೆಳಗಿಟ್ಟು ಆಚೆ ತಿರುಗಿಕೊಂಡ. ತಾಯಿಯೇ ನಕ್ಕು ನಮಗೆ ವಿವರಿಸಿದರು: "ದಿನಾ ರಾತ್ರಿ ಇದೇ ಜಗಳ ಮಾರಾಯರೆ. ಇವರ ಅಪ್ಪನೂ ಇವನ ಜೊತೆ ಕೂತುಕೊಳ್ಳುವುದು. ನಮ್ಮ ಧ್ವಜ ಎಂತಕ್ಕೆ ಇಲ್ಲ ಅಂತ ಅವರಿಗೆ ಸಿಟ್ಟು." ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಅಂಟಾರ್ಕ್ಟಿಕದಲ್ಲಿ ನಮ್ಮ ದಕ್ಷಿಣ ಗಂಗೋತ್ರಿ ಠಾಣ್ಯ ತಲೆಯೆತ್ತಿದ್ದು 1983-84ರಲ್ಲಿ, ಈ ಆಟ ಹೊರಬಂದ ಹೊತ್ತಿನಲ್ಲಿಯೇ.

ಇನ್ನು ವ್ಯವಹಾರದ ಮಾತು. ತರುಣ ಹಣ ತಂದಿದ್ದ. ಮಗನಿಗೆ ಕೊಡುವ ಮನಸ್ಸಿಲ್ಲ, ಬೇಡವೆನ್ನುವ ಧೈರ್ಯವೂ ಇಲ್ಲ. ತಾಯಿ ಕಾರ್ಟ್ರಿಜ್ಜನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, "ಇಷ್ಟು ದುಡ್ಡು ಎಂತಕ್ಕೆ ಕೊಡುವುದು ನೀವು?" ಎಂದು ಕೇಳಿದರು.

"ಆ ಅರಬ್ಬಿ ಚೀಟಿಗೆ ಆಂಟಿ. ಅಂಥದ್ದನ್ನು ನಾನು ಯಾವ ಪಟ್ಟಿಯಲ್ಲಿಯೂ ನೋಡಿಲ್ಲ."

ಆಕೆ ಚೀಟಿಯನ್ನು ಬೆಳಕಿಗೆ ಹಿಡಿದರು. ಹನ್ನೊಂದು ವರ್ಷ ಆ ಊರಿನಲ್ಲಿ ದಿನಸಿ ತಂದವರು. ಅಂಗಡಿಯ ಚೀಟಿ ಓದುವಷ್ಟು ಅರಬ್ಬಿ ಕಲಿತಿದ್ದರು. "ತಮ್ರ್, ಒಂದು ಕಿಲೋ" ಎಂದು ಓದಿದರು. "ಖರ್ಜೂರದ ಡಬ್ಬದ ಚೀಟಿ ಇದು. ಕಾರ್ಟ್ರಿಜ್ಜಿನ ಚಿತ್ರ ಇವನು ನೀರು ಚೆಲ್ಲಿ ಹರಿದು ಹಾಕಿದ. ಸಿಪ್ಪೆ ಎದ್ದು ಬರುತ್ತದೆ ಅಂತ ಇವರೇ ಮೇಲೆ ಅಂಟಿಸಿದ್ದು."

ತರುಣನ ಮುಖ ನೋಡಬೇಕಾಗಿತ್ತು. ಮೊದಲು ನಕ್ಕವನು ಅವನೇ, ಅದು ಅವನ ದೊಡ್ಡತನ. ಹಣದ ಲಕೋಟೆ ಜೇಬಿಗೆ ಹೋಯಿತು. ಮಗ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಇಷ್ಟಕ್ಕೇ ಮುಗಿಯಲಿಲ್ಲ. ತಾಯಿ ಒಳಗಿನಿಂದ ಒಂದು ಹಳೆಯ ಕಡತ ತಂದರು. ಯುದ್ಧದಲ್ಲಿ ಸೊತ್ತು ಕಳೆದುಕೊಂಡವರಿಗೆ ಪರಿಹಾರ ಕೊಡಲು ವಿಶ್ವಸಂಸ್ಥೆ 1991ರಲ್ಲಿ ಒಂದು ಆಯೋಗವನ್ನು ಸ್ಥಾಪಿಸಿತು. ಸರ್ಕಾರದ ಮೂಲಕ ಅರ್ಜಿ ಹೋಗಬೇಕು. ಅದಕ್ಕೆಂದು ಯಜಮಾನರು ಕನ್ನಡದಲ್ಲಿ ಬರೆದಿಟ್ಟುಕೊಂಡ ಕರಡು ಅದರಲ್ಲಿತ್ತು. ಲೆಕ್ಕಿಗರ ದುಂಡನೆಯ ಅಕ್ಷರ. ಫ್ರಿಜ್ಜು 1, ಹೊಲಿಗೆಯ ಯಂತ್ರ 1, ಟಿ.ವಿ. 1, ಕಂಪ್ಯೂಟರ್ (ಸಖ್ರ್) 1. ಅದರ ಕೆಳಗೆ, ಕಾರ್ಟ್ರಿಜ್ 6: ಕಾರಿನದು, ಮಂಗನದು, ಸರ್ಕಸ್ಸಿನದು, ಓಟದ ಪಂದ್ಯದ್ದು, ಅರಬ್ಬಿ ಅಕ್ಷರ ಕಲಿಸುವುದು, ಅರಬ್ಬಿಯಲ್ಲಿ ಲೆಕ್ಕ ಕಲಿಸುವುದು. ಪೆಂಗ್ವಿನ್ನಿನದು ಪಟ್ಟಿಯಲ್ಲಿಲ್ಲ. ಅದು ಕಳೆದುಹೋಗಿರಲಿಲ್ಲವಲ್ಲ.

ತರುಣ ಆ ಹಾಳೆಯ ಮುಂದೆ ನೆಲದ ಮೇಲೆಯೇ ಕುಳಿತುಬಿಟ್ಟ. ಮೊದಲಿನ ನಾಲ್ಕಕ್ಕೆ ಅವನಿಗೆ ಆಸೆಯಿರಲಿಲ್ಲ; ಕಾರಿನದು ‘ರೋಡ್ ಫೈಟರ್’ ಇರಬೇಕು, ಸರ್ಕಸ್ಸಿನದು ‘ಸರ್ಕಸ್ ಚಾರ್ಲಿ’, ಹುಡುಕಿದರೆ ಇಂದಿಗೂ ಸಿಗುತ್ತವೆ. ಕೊನೆಯ ಎರಡರ ಮೇಲೆ ಬೆರಳಿಟ್ಟ. ಅಲ್ಲಿಯ ಮಕ್ಕಳಿಗಾಗಿಯೇ ಮಾಡಿದಂಥವು, ಬೇರೆಲ್ಲಿಯೂ ಮಾರಾಟವಾಗದಂಥವು. ಡೈರಿ ತೆಗೆದು, "ಅಕ್ಷರ ಕಲಿಸುವುದರ ಡಬ್ಬಿ ಯಾವ ಬಣ್ಣದ್ದು, ನೆನಪಿದೆಯೇ ಸಾರ್?" ಎಂದು ಕೇಳಿದ.

"ಹಸಿರು" ಎಂದ ಮಗ.

"ಹಸಿರು ಎಲ್ಲಿಂದ ಬಂತು? ನೀಲಿ. ಮೇಲೊಂದು ಒಂಟೆ ಇತ್ತು" ಎಂದರು ತಾಯಿ.

ನಾನು ಚಪ್ಪಲಿ ಮೆಟ್ಟಿ ಮನೆಗೆ ಹೊರಟಾಗಲೂ ವಾದ ನಡೆದೇ ಇತ್ತು. ಪಲ್ಯ ತಳ ಹಿಡಿದ ವಾಸನೆ ಗೇಟಿನವರೆಗೂ ಬರುತ್ತಿತ್ತು.